ಎಐ ಸಿಟಿ ಬರೋತನಕ ಕಾಯುವ ಖರ್ಚು ಯಾರದ್ದು?

ನಾನು ಕುಣಿಗಲ್ ತಾಲ್ಲೂಕಿನವನು. ನಮ್ಮ ಕಡೆ ಈಗ ಟೀ ಅಂಗಡಿಯಿಂದ ಹಿಡಿದು ಬೀಗರ ಊಟದವರೆಗೆ ಒಂದೇ ಮಾತು: ಎಕರೆ ಎಷ್ಟಕ್ಕೆ ಹೋಯ್ತು? ಕಾರಣ ಎಲ್ಲರಿಗೂ ಗೊತ್ತು. ಮಾಗಡಿ ದಾಟಿದರೆ ಬಿಡದಿ. ಅಲ್ಲಿ ದೇಶದ ಮೊದಲ 'ಎಐ ಸಿಟಿ' ಕಟ್ಟುತ್ತೇವೆ ಅಂತ ಸರ್ಕಾರ ಹೇಳಿದೆ. ಇನ್ನೊಂದು ಕಡೆ ಡಾಬಸ್‌ಪೇಟೆ ಮತ್ತು ದೊಡ್ಡಬಳ್ಳಾಪುರದ ನಡುವೆ 5,800 ಎಕರೆಯ ಕ್ವಿನ್ ಸಿಟಿ, 2024ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದದ್ದು. ತುಮಕೂರಿನ ಆಚೆ ವಸಂತನರಸಾಪುರದಲ್ಲಿ ಮೂರು ಹಂತಗಳಲ್ಲಿ 8,484 ಎಕರೆಯ ಕೈಗಾರಿಕಾ ಟೌನ್‌ಶಿಪ್. ಕುಣಿಗಲ್ ಪಟ್ಟಣದ ಪಕ್ಕದಲ್ಲೇ ಇರುವ ಕುದುರೆ ಫಾರಂನ 400ಕ್ಕೂ ಹೆಚ್ಚು ಎಕರೆ ಮೇಲೂ ಟೌನ್‌ಶಿಪ್ ಪ್ರಸ್ತಾವ ಬಂದು, ಜನ ವಿರೋಧಿಸಿದ್ದಾರೆ. ಹೆದ್ದಾರಿ ಮೊದಲೇ ಇತ್ತು, 2017ರಿಂದ ಹಾಸನದ ರೈಲೂ ಓಡಾಡುತ್ತಿದೆ. ಹಾಗಾಗಿ 'ಮುಂದಿನದು ನಮ್ಮದೇ' ಅನ್ನೋ ಆಸೆ ಮತ್ತು ಭಯ ಎರಡೂ ಇಲ್ಲಿ ಒಟ್ಟಿಗೇ ಇವೆ.

ಇಂಥ ನಗರ ಬೇಕೋ ಬೇಡವೋ ಅನ್ನೋ ಜಗಳ ಸಾಕಷ್ಟು ನಡೆದಿದೆ. ಪರ ಇರುವವರು ಉದ್ಯೋಗದ ಲೆಕ್ಕ ಕೊಡುತ್ತಾರೆ, ವಿರೋಧ ಇರುವವರು ಮಣ್ಣಿನ ಲೆಕ್ಕ ಕೊಡುತ್ತಾರೆ. ನಾನಿಲ್ಲಿ ಕೇಳುತ್ತಿರುವುದು ಅವೆರಡರ ನಡುವಿನ ಪ್ರಶ್ನೆ. ಘೋಷಣೆ ಆದ ದಿನಕ್ಕೂ ನಗರ ಎದ್ದು ನಿಲ್ಲುವ ದಿನಕ್ಕೂ ನಡುವೆ ಎಷ್ಟು ವರ್ಷ? ಆ ವರ್ಷಗಳಲ್ಲಿ ಆ ಜಮೀನಿನ ಮೇಲೆ ಬದುಕುವವರಿಗೆ ಏನಾಗುತ್ತೆ?

ಬಿಡದಿ: 2006ರ 'ಹೊಸ' ನಗರ

ಬಿಡದಿಯ ಯೋಜನೆ ನಿನ್ನೆ ಮೊನ್ನೆಯದಲ್ಲ. 2006-07ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಅಲ್ಲಿ ಸುಮಾರು 9 ಸಾವಿರ ಎಕರೆಯಲ್ಲಿ ಸುಸಜ್ಜಿತ ನಗರ ಕಟ್ಟುವ ಯೋಜನೆ ರೂಪುಗೊಂಡಿತು. 2007ರಲ್ಲಿ ಡಿಎಲ್‌ಎಫ್ ಕಂಪನಿಯ ಆಯ್ಕೆಯೂ ಆಯ್ತು. ಆಮೇಲೆ ಸರ್ಕಾರ ಬದಲಾಯಿತು, 2008ರಲ್ಲಿ ಜಗತ್ತಿನ ಆರ್ಥಿಕತೆ ಕುಸಿಯಿತು, ಕಂಪನಿ ಹಿಂದೆ ಸರಿಯಿತು. ಆದರೆ ಯೋಜನೆಯ ನೆರಳು ಮಾತ್ರ ಜಮೀನಿನ ಮೇಲೆ ಹಾಗೇ ಉಳಿಯಿತು.

2025ರ ಮಾರ್ಚ್‌ನಲ್ಲಿ ಅದೇ ಜಾಗಕ್ಕೆ ಮತ್ತೆ ಪ್ರಾಥಮಿಕ ಅಧಿಸೂಚನೆ ಬಂತು. ಈಗ ಹೆಸರು ಗ್ರೇಟರ್ ಬೆಂಗಳೂರು ಇಂಟಿಗ್ರೇಟೆಡ್ ಟೌನ್‌ಶಿಪ್. ಭೈರಮಂಗಲ, ಕಂಚುಗಾರನಹಳ್ಳಿ ಸುತ್ತಿನ ಹಳ್ಳಿಗಳ 7 ಸಾವಿರಕ್ಕೂ ಹೆಚ್ಚು ಎಕರೆ ಇದರಲ್ಲಿದೆ. ರೇಷ್ಮೆ, ಹಾಲು, ತೆಂಗು, ಮಾವು ನಂಬಿಕೊಂಡ ಊರುಗಳಿವು. ರೈತರು ಧರಣಿ ಕೂತರು. ಸರ್ಕಾರ ಹೇಳಿದ್ದು: ಈ ಯೋಜನೆ ಶುರು ಮಾಡಿದ್ದು ನಾವಲ್ಲ, ಕುಮಾರಸ್ವಾಮಿ. ಜೆಡಿಎಸ್ ಹೇಳಿದ್ದು: ನಾವು ಮಾಡಲು ಹೊರಟಿದ್ದೇ ಬೇರೆ, ನೀವು ಮಾಡುತ್ತಿರುವುದು ರಿಯಲ್ ಎಸ್ಟೇಟ್.

ಯಾರು ಸರಿ ಅನ್ನೋದನ್ನು ಪಕ್ಕಕ್ಕಿಡಿ. ಈ ವಾದದಲ್ಲಿ ಇಬ್ಬರೂ ಒಪ್ಪಿಕೊಳ್ಳುತ್ತಿರುವ ಒಂದು ಸಂಗತಿ ಇದೆ: ಈ ಜಮೀನು ಸುಮಾರು ಎರಡು ದಶಕದಿಂದ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಯೋಜನೆಯ ಗಡಿಯೊಳಗೆ ಸೇರಿದ ಜಮೀನನ್ನು ರೈತರು 'ರೆಡ್ ಝೋನ್' ಅಂತಾರೆ. ಅಂಥ ಜಮೀನಿಗೆ ಬ್ಯಾಂಕ್ ಸಾಲ ಕೊಡಲು ಹಿಂದೆಮುಂದೆ ನೋಡುತ್ತೆ. ಮಗಳ ಮದುವೆಗೆ ಅರ್ಧ ಎಕರೆ ಮಾರಬೇಕೆಂದರೆ ನ್ಯಾಯವಾದ ಬೆಲೆ ಸಿಗಲ್ಲ. ಹೊಸ ರೇಷ್ಮೆ ಮನೆ ಕಟ್ಟೋಣ ಅಂದರೆ ನಾಳೆ ಕಿತ್ತುಹಾಕಿದರೆ ಅನ್ನೋ ಅನುಮಾನ. ತೆಂಗಿನ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಐದಾರು ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಸಸಿ ನೆಡೋದು ಹೇಗೆ? ಜಮೀನು ಹೋದರೆ ಪರಿಹಾರದ ಲೆಕ್ಕವಾದರೂ ಇದೆ. ಹೀಗೆ ಕಾದು ಕಳೆದ ವರ್ಷಗಳಿಗೆ ಯಾವ ಲೆಕ್ಕವೂ ಇಲ್ಲ.

ಕೀನ್ಯಾದಲ್ಲೂ ಒಂದು ಬಿಡದಿ

ಈ ಕಾಯುವಿಕೆ ನಮ್ಮಲ್ಲಿ ಮಾತ್ರ ಇರೋದಲ್ಲ. ಇದೇ ದಾರಿಯಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ನಡೆದ ಒಂದು ನಗರ ಆಫ್ರಿಕಾದಲ್ಲಿದೆ. ಅದರ ಕತೆ ನಮಗೆ ಕನ್ನಡಿ ಇದ್ದ ಹಾಗೆ.

ಕೀನ್ಯಾದ ರಾಜಧಾನಿ ನೈರೋಬಿಯಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಮೊಂಬಾಸಾ ಹೆದ್ದಾರಿ ಪಕ್ಕದಲ್ಲಿ ಕೊಂಜಾ ಅನ್ನೋ ಜಾಗ. ಬೆಂಗಳೂರಿಗೆ ಕುಣಿಗಲ್ ಇದ್ದಂತೆ ಅಂದುಕೊಳ್ಳಿ. 'ವಿಷನ್ 2030' ಅನ್ನೋ ರಾಷ್ಟ್ರೀಯ ಯೋಜನೆಯಡಿ 2008ರಲ್ಲಿ ಅಲ್ಲೊಂದು ಟೆಕ್ ನಗರದ ಕನಸು ಹುಟ್ಟಿತು. ಸರ್ಕಾರ 5,000 ಎಕರೆ ಹುಲ್ಲುಗಾವಲು ಖರೀದಿಸಿತು. 2013ರ ಜನವರಿಯಲ್ಲಿ ಅಧ್ಯಕ್ಷ ಮ್ವಾಯ್ ಕಿಬಾಕಿ ಶಂಕುಸ್ಥಾಪನೆ ಮಾಡಿದರು. ಒಟ್ಟು ವೆಚ್ಚ 1,450 ಕೋಟಿ ಡಾಲರ್ ಅಂದರು. 2015ರ ಹೊತ್ತಿಗೆ 20 ಸಾವಿರ, 2030ರ ಹೊತ್ತಿಗೆ 2 ಲಕ್ಷ ಉದ್ಯೋಗ ಅಂದರು. ಪತ್ರಿಕೆಗಳು 'ಸಿಲಿಕಾನ್ ಸವಾನ್ನಾ' ಅಂತ ಹೆಸರಿಟ್ಟವು.

2015 ಬಂತು. ಕೆಲಸ ಕೊಡುವ ಕಂಪನಿ ಇರಲಿ, ರಸ್ತೆ-ಚರಂಡಿಯ ಮುಖ್ಯ ಕೆಲಸವೂ ಶುರುವಾಗಿರಲಿಲ್ಲ. ಹಾಗಂತ ಕೊಂಜಾ ಪೂರ್ತಿ ಸೋತಿದೆ ಅಂತ ಹೇಳಿದರೆ ತಪ್ಪಾಗುತ್ತೆ. 400 ಎಕರೆಯ ಮೊದಲ ಹಂತಕ್ಕೆ ರಸ್ತೆ, ಒಳಚರಂಡಿ, ವಿದ್ಯುತ್ ಬಂದಿವೆ. ದೊಡ್ಡ ಡೇಟಾ ಸೆಂಟರ್ ಕೆಲಸ ಮಾಡುತ್ತಿದೆ. 2023ರಲ್ಲಿ ಶುರುವಾದ ಕೀನ್ಯಾದ ಮುಕ್ತ ವಿಶ್ವವಿದ್ಯಾಲಯಕ್ಕೆ ಅದೇ ನೆಲೆ. ಆದರೆ ಜನ ಓಡಾಡುವ, ಸಂಜೆ ದೀಪ ಹತ್ತುವ ನಗರ ಅಂತ ಏನು ಹೇಳಿದ್ದರೋ ಅದು ಇನ್ನೂ ಆಗಿಲ್ಲ.

ಕಾಯುವಿಕೆ ಅಲ್ಲೂ ಜನರ ತಲೆ ಮೇಲೇ ಬಿತ್ತು. ನಗರದ ಸುತ್ತ ಸ್ಲಂ ಬೆಳೆಯಬಾರದು ಅಂತ ಸರ್ಕಾರ 10 ಕಿ.ಮೀ. ಬಫರ್ ವಲಯ ಗುರುತಿಸಿ, ಅಲ್ಲಿ ಮನಸ್ಸಿಗೆ ಬಂದಂತೆ ಕಟ್ಟುವುದಕ್ಕೆ, ಜಮೀನು ತುಂಡು ಮಾಡುವುದಕ್ಕೆ ತಡೆ ಹಾಕಿತು. ಉದ್ದೇಶ ಕೆಟ್ಟದ್ದಲ್ಲ. ಆದರೆ ಒಳಗಿನ ನಗರ ಏಳಲಿಲ್ಲ, ಹೊರಗಿನವರ ಕೈಯೂ ಕಟ್ಟಿತು. ಒಂದಿಂಚು ಜಮೀನು ಕಳೆದುಕೊಳ್ಳದವರೂ ಯೋಜನೆಯ ಬೆಲೆ ತೆತ್ತರು.

ಯಾಕಿಷ್ಟು ತಡ?

ಭ್ರಷ್ಟಾಚಾರ ಅಂತ ಒಂದೇ ಮಾತಲ್ಲಿ ಮುಗಿಸೋದು ಸುಲಭ. ಅದೂ ಒಂದು ಕಾರಣ ಇರಬಹುದು, ಆದರೆ ಮೂಲ ತೊಡಕು ಬೇರೆ. ಕಂಪನಿ ಬರಬೇಕೆಂದರೆ ನೀರು, ಕರೆಂಟು, ರಸ್ತೆ ಇರಬೇಕು. ಅದಕ್ಕೆ ದುಡ್ಡು ಬೇಕು. ದುಡ್ಡು ಬರೋದು ಕಂಪನಿಗಳಿಗೆ ಸೈಟು ಕೊಟ್ಟ ಮೇಲೆ. ಉದ್ಯೋಗಿಗಳು ಬರಬೇಕೆಂದರೆ ಶಾಲೆ, ಆಸ್ಪತ್ರೆ ಬೇಕು. ಶಾಲೆಯವರು ಕೇಳೋದು ಮಕ್ಕಳೆಲ್ಲಿ ಅಂತ. ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನೋ ಕತೆ. ಮೊದಲು ಸರ್ಕಾರವೇ ಕೈಯಿಂದ ಹಾಕಬೇಕು. ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವ ಸರ್ಕಾರ ಇಪ್ಪತ್ತು ವರ್ಷದ ಖರ್ಚಿಗೆ ಎಷ್ಟು ದಿನ ಕೈ ಬಿಚ್ಚುತ್ತೆ?

ಇನ್ನೊಂದು ವಿಷಯ. ತಂತ್ರಜ್ಞಾನ ಬೆಳೆಯೋದು ಖಾಲಿ ಬಯಲಲ್ಲಿ ಅಲ್ಲ, ಜನ ಇರುವ ಕಡೆ. ಮೊಬೈಲ್‌ನಲ್ಲೇ ಹಣ ಕಳಿಸುವ ಎಂ-ಪೆಸಾ ಕೀನ್ಯಾದಲ್ಲಿ ಶುರುವಾದದ್ದು 2007ರಲ್ಲಿ. ಆಗ ಯಾವ ಟೆಕ್ ಸಿಟಿಯೂ ಇರಲಿಲ್ಲ. ನಮ್ಮ ಎಲೆಕ್ಟ್ರಾನಿಕ್ ಸಿಟಿಯನ್ನೇ ನೋಡಿ. ಕಿಯೋನಿಕ್ಸ್ ಅದನ್ನು ಶುರು ಮಾಡಿದ್ದು 1978ರಲ್ಲಿ. ಐಟಿ ಕಂಪನಿಗಳಿಂದ ಅದು ತುಂಬಿದ್ದು 1990ರ ದಶಕದಲ್ಲಿ. ಅಂದರೆ ಗೆದ್ದ ನಗರಕ್ಕೂ ಹದಿನೈದು-ಇಪ್ಪತ್ತು ವರ್ಷ ಬೇಕಾಯ್ತು. ಆದರೆ ಅಲ್ಲಿ ತೆಗೆದುಕೊಂಡದ್ದು 332 ಎಕರೆ. 7 ಸಾವಿರ ಅಲ್ಲ.

ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆ. ಶಂಕುಸ್ಥಾಪನೆ 2016ರ ಜನವರಿ, ಉದ್ಘಾಟನೆ 2023ರ ಫೆಬ್ರವರಿ. ಒಂದೇ ಮಾಲೀಕ, ಅದೂ ಕೇಂದ್ರ ಸರ್ಕಾರದ ಸಂಸ್ಥೆ. ಅಷ್ಟಕ್ಕೇ ಏಳು ವರ್ಷ. ಅದೇ ಉದ್ಘಾಟನೆಯ ದಿನ ವಸಂತನರಸಾಪುರದ ಟೌನ್‌ಶಿಪ್‌ಗೆ ಶಂಕುಸ್ಥಾಪನೆ ಆಯ್ತು. ಅದರ ಕಾಮಗಾರಿಗೆ ಕೇಂದ್ರ ಸಂಪುಟ ಸಮಿತಿ 2020ರ ಡಿಸೆಂಬರ್‌ನಲ್ಲಿ 1,701 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಾಗ ಹೇಳಿದ ಉದ್ಯೋಗದ ಅಂದಾಜು 88,500. ಈ ಅಂಕಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೊಂಜಾದ 20 ಸಾವಿರವನ್ನು ನೆನಪಿಟ್ಟುಕೊಂಡು ಓದಿ ಅಂತಷ್ಟೇ.

ನೀರು ಎಲ್ಲಿಂದ ತರ್ತೀರಿ?

ಕೊಂಜಾಕ್ಕೆ ನೀರು ಬರಬೇಕಾದದ್ದು ಥ್ವಾಕೆ ಅಣೆಕಟ್ಟೆಯಿಂದ. ಅದು ಗಡುವಿನ ಮೇಲೆ ಗಡುವು ದಾಟುತ್ತಾ ಹೋಯ್ತು. ನಗರ ಅಣೆಕಟ್ಟೆಗಾಗಿ ಕಾಯ್ತು.

ತುಮಕೂರು ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹೇಮಾವತಿ ನಾಲೆಯ 70ನೇ ಕಿ.ಮೀ.ನಿಂದ ನೇರವಾಗಿ ಕುಣಿಗಲ್‌ಗೆ ನೀರು ತರುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್‌ಗೆ ಸುಮಾರು 995 ಕೋಟಿ. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸುಂಕಾಪುರದ ಬಳಿ ಸಾವಿರಾರು ಜನ ಸೇರಿ ಅದನ್ನು ವಿರೋಧಿಸಿದರು. ಕುಣಿಗಲ್‌ನವರು ಹೇಳೋದು: ನಾವು ನಾಲೆಯ ಕೊನೆಯವರು, ನಮ್ಮ ಪಾಲಿನ ನೀರು ನಮಗೆ ಯಾವತ್ತೂ ಪೂರ್ತಿ ತಲುಪಿಲ್ಲ. ಗುಬ್ಬಿಯವರು ಹೇಳೋದು: ಮೇಲಿಂದಲೇ ಎಳೆದುಕೊಂಡರೆ ನಮ್ಮ ಕೆರೆಗಳ ಗತಿ ಏನು, ಅದು ಮಾಗಡಿಗೂ ಹೋಗಲ್ಲ ಅಂತ ಏನು ಗ್ಯಾರಂಟಿ? ಎರಡೂ ಕಡೆಯವರದ್ದು ನಿಜವಾದ ಸಂಕಟ. ನಾಡಿಗೆಲ್ಲ ಹಾಡಿನಿಂದ ಗೊತ್ತಿರುವ ಕುಣಿಗಲ್ ಕೆರೆ ತುಂಬಿಸೋದಕ್ಕೇ ಎರಡು ತಾಲ್ಲೂಕು ಹೀಗೆ ಎದುರುಬದುರು ನಿಂತಿವೆ. ಇನ್ನು ಸುತ್ತ ಮೂರು ಹೊಸ ನಗರಕ್ಕೆ ನೀರು? ಬಿಡದಿಯ ಭೈರಮಂಗಲ ಕೆರೆಯಲ್ಲಿ ನೀರೇನೋ ಇದೆ, ಆದರೆ ಅದು ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆ.

ಕಾನೂನಿನಲ್ಲಿರುವ ತೂತು

ಈ ಕಾಯುವಿಕೆಗೆ ಕಾನೂನಿನಲ್ಲಿ ಗಡುವು ಇಲ್ಲವೇ? ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಇದೆ. ಪ್ರಾಥಮಿಕ ಅಧಿಸೂಚನೆಯಾಗಿ 12 ತಿಂಗಳಲ್ಲಿ ಮುಂದಿನ ಘೋಷಣೆ ಹೊರಡದಿದ್ದರೆ ಅದು ಬಿದ್ದುಹೋಗುತ್ತೆ. ಅವಧಿ ವಿಸ್ತರಿಸಬೇಕೆಂದರೆ ಸರ್ಕಾರ ಕಾರಣ ಬರೆದು ದಾಖಲಿಸಬೇಕು.

ಆದರೆ ನಮ್ಮ ರಾಜ್ಯದಲ್ಲಿ ಕೈಗಾರಿಕೆಗೆ ಜಮೀನು ಹೋಗೋದು ಹೆಚ್ಚಾಗಿ 1966ರ ಕೆಐಎಡಿಬಿ ಕಾಯ್ದೆಯಡಿ. ಅದರಲ್ಲಿ ಇಂಥ ಗಡುವು ಇಲ್ಲ. 28(1)ರ ಅಧಿಸೂಚನೆ ಬಂದರೆ ಅಂತಿಮ ಅಧಿಸೂಚನೆಯವರೆಗೆ ಎಷ್ಟು ವರ್ಷ ಬೇಕಾದರೂ ಎಳೆಯಬಹುದು. ಹಳೇ ಭೂಸ್ವಾಧೀನ ಕಾಯ್ದೆಯ ಎರಡು ವರ್ಷದ ಗಡುವು ಕೆಐಎಡಿಬಿಗೆ ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ, ಬೆಂಗಳೂರು-ಮೈಸೂರು ಕಾರಿಡಾರ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿದೆ. ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯ್ದೆಯಲ್ಲಿ ಐದು ವರ್ಷದ ಗಡುವೇನೋ ಇದೆ, ಆದರೆ ಆ ಗಡಿಯಾರ ಓಡಲು ಶುರುವಾಗೋದು ಅಂತಿಮ ಘೋಷಣೆ ಆದ ಮೇಲೆ. ಅದಕ್ಕೂ ಮುಂಚಿನ ಕಾಯುವಿಕೆ ಲೆಕ್ಕಕ್ಕೆ ಬರಲ್ಲ.

ಹೆಸರಿಗೆ ಪಹಣಿ ಇರುವವರ ಪಾಡು ಇದು. ನಮೂನೆ 57ರಲ್ಲಿ ಅರ್ಜಿ ಹಾಕಿ ಕೂತ ಬಗರ್‌ಹುಕುಂ ಸಾಗುವಳಿದಾರರು, ಕೂಲಿಯವರು, ಇನ್ನೊಬ್ಬರ ಹೊಲದ ಬದುವಿನ ಹುಲ್ಲು ಕೊಯ್ದು ಹಸು ಸಾಕಿ ಡೇರಿಗೆ ಹಾಲು ಹಾಕುವ ಹೆಂಗಸರು ಪರಿಹಾರದ ಪಟ್ಟಿಯಲ್ಲೇ ಇರಲ್ಲ. ಅವರಲ್ಲಿ ದಲಿತರು ಎಷ್ಟು ಜನ ಅಂತ ನಿಮ್ಮ ಊರಲ್ಲೇ ಎಣಿಸಿ ನೋಡಿ.

ಹಾಗಾದರೆ ಏನು ಕೇಳಬೇಕು?

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದ ರೈತರು 13 ಹಳ್ಳಿಗಳ 1,777 ಎಕರೆಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ, 2025ರ ಜುಲೈ 15ರಂದು ಸ್ವಾಧೀನ ಕೈಬಿಡುವ ಘೋಷಣೆ ಪಡೆದರು. ಅದು ದೊಡ್ಡ ಗೆಲುವು. ಆದರೆ ಪ್ರತಿ ಊರೂ ಸಾವಿರ ದಿನ ಧರಣಿ ಕೂರಬೇಕು ಅನ್ನೋದು ವ್ಯವಸ್ಥೆ ಆಗಲಾರದು. ನಿಯಮವೇ ಬದಲಾಗಬೇಕು. ನನ್ನ ಪ್ರಕಾರ ನಾಲ್ಕು ಬೇಡಿಕೆ ಮುಖ್ಯ.

ಒಂದು, ಪ್ರತಿ ಅಧಿಸೂಚನೆಗೂ ಸಾಯುವ ದಿನಾಂಕ ಇರಲಿ. ಇಷ್ಟು ವರ್ಷದಲ್ಲಿ ಕೆಲಸ ಶುರುವಾಗದಿದ್ದರೆ, ಪಹಣಿಯ 11ನೇ ಕಾಲಂನಲ್ಲಿ ಕೂತ ನಮೂದು ರೈತ ಅಲೆಯದೇ ತಾನಾಗಿ ಅಳಿಯಬೇಕು.

ಎರಡು, ಹಂತ ಹಂತವಾಗಿ ಮಾಡಿ. ಮೊದಲು 400 ಎಕರೆ ಕಟ್ಟಿ ತೋರಿಸಿ. ಅದು ತುಂಬುವತನಕ ಉಳಿದ ಸಾವಿರಾರು ಎಕರೆಯನ್ನು ನೋಟಿಸಿನಲ್ಲಿ ಕಟ್ಟಿಹಾಕಬೇಡಿ.

ಮೂರು, ಕಾಯುವುದಕ್ಕೂ ದುಡ್ಡು ಕೊಡಿ. ಇದು ಆಕಾಶದಿಂದ ಇಳಿದ ಮಾತಲ್ಲ. ಆಂಧ್ರದ ಅಮರಾವತಿಯಲ್ಲಿ ಜಮೀನು ಕೊಟ್ಟ ರೈತರಿಗೆ ಒಣಭೂಮಿಗೆ ಎಕರೆಗೆ ವರ್ಷಕ್ಕೆ 30 ಸಾವಿರ, ನೀರಾವರಿಯ ಫಲವತ್ತು ಭೂಮಿಗೆ 50 ಸಾವಿರ, ಹತ್ತು ವರ್ಷದವರೆಗೆ ಅಂತ ನಿಗದಿಯಾಗಿತ್ತು. ಜಮೀನಿಲ್ಲದ ಕುಟುಂಬಕ್ಕೆ ತಿಂಗಳಿಗೆ 2,500 ಪಿಂಚಣಿ. 2019ರಲ್ಲಿ ಸರ್ಕಾರ ಬದಲಾಗಿ ಆ ನಗರವೂ ಐದು ವರ್ಷ ನಿಂತುಹೋಯ್ತು, ಕಂತು ತಡವಾದ ದೂರುಗಳೂ ಬಂದವು. ಆದರೂ ಕಾಯುವಿಕೆಗೆ ಬೆಲೆ ಇದೆ, ಕೂಲಿಯವನಿಗೂ ಅದರಲ್ಲಿ ಪಾಲಿದೆ ಅಂತ ಒಂದು ಸರ್ಕಾರ ಬರೆದುಕೊಟ್ಟಿತಲ್ಲ, ಅದು ಮುಖ್ಯ.

ನಾಲ್ಕು, ನೀರಿನ ಲೆಕ್ಕ ಮೊದಲು, ನಕ್ಷೆ ಆಮೇಲೆ. ಯಾವ ನಾಲೆ, ಯಾರ ಪಾಲು, ಎಷ್ಟು ಅಂತ ಗ್ರಾಮಸಭೆಯ ಮುಂದೆ ಇಡದೆ ಯಾವ ಟೌನ್‌ಶಿಪ್‌ಗೂ ಅಧಿಸೂಚನೆ ಬೇಡ.

ಕುಣಿಗಲ್, ಗುಬ್ಬಿ, ತುಮಕೂರಿನ ನನ್ನ ವಯಸ್ಸಿನವರಿಗೆ ಒಂದು ಮಾತು. ನಮಗೆ ಕೆಲಸ ಬೇಕು. ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರೋದು ಯಾರಿಗೂ ಖುಷಿಯಲ್ಲ. ಅದಕ್ಕೇ 'ಸಿಟಿ ಬರುತ್ತೆ' ಅಂದಾಗ ಎದೆ ಹಿಗ್ಗುತ್ತೆ. ಹಿಗ್ಗಲಿ. ಆದರೆ ಮನೆಗೆ 28(2)ರ ನೋಟಿಸ್ ಬಂದರೆ, ಅದು ಕೈಸೇರಿದ 30 ದಿನದೊಳಗೆ ಆಕ್ಷೇಪಣೆ ಸಲ್ಲಿಸಬೇಕು ಅನ್ನೋದು ಗೊತ್ತಿರಲಿ. ಅದನ್ನು ಬರವಣಿಗೆಯಲ್ಲೇ ಸಲ್ಲಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಗೆ ಹೋಗಿ. ವೋಟು ಕೇಳಲು ಬಂದವರು ಎಷ್ಟು ಉದ್ಯೋಗ ಅಂತ ಹೇಳಿದ ತಕ್ಷಣ ಇನ್ನೊಂದು ಪ್ರಶ್ನೆ ಹಾಕಿ: ಎಷ್ಟು ವರ್ಷಕ್ಕೆ, ಮತ್ತು ಅಲ್ಲಿತನಕ ನಮ್ಮ ಅಪ್ಪ-ಅಮ್ಮ ಏನು ಬೆಳೀಬೇಕು?