ಮಾಲೀಕರು ಬದಲಾದರೆ ಫುಟ್ಬಾಲ್ ಕೋಚ್ ಯಾಕೆ ಬದಲಾಗ್ತಾರೆ? ಕಪ್ ಗೆದ್ದ ಹೈದರಾಬಾದ್ ಕ್ಲಬ್ ಊರು ಬಿಟ್ಟ ಕಥೆ

ಗೋರ್ಟಾ (ಬಿ): ಬಸವಕಲ್ಯಾಣ, ಹುಮನಾಬಾದ್ ಭಾಗದವರಿಗೆ ದೊಡ್ಡ ಫುಟ್ಬಾಲ್ ಪಂದ್ಯ ನೋಡಬೇಕೆಂದರೆ ಹತ್ತಿರದ ಊರು ಬೆಂಗಳೂರಲ್ಲ, ಹೈದರಾಬಾದ್. ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಜಹೀರಾಬಾದ್, ಸಂಗಾರೆಡ್ಡಿ ದಾಟಿದರೆ ಗಚ್ಚಿಬೌಲಿ ಕ್ರೀಡಾಂಗಣ ದೂರವಿಲ್ಲ. ಅಲ್ಲಿದ್ದ ಹೈದರಾಬಾದ್ ಎಫ್‌ಸಿ 2022ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಗೆದ್ದಿತ್ತು. ಮೂರೇ ವರ್ಷದಲ್ಲಿ ಆ ತಂಡ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು.

ಈ ನಡುವೆ ಮಾಲೀಕರು ಬದಲಾದರು, ಕೋಚ್‌ಗಳೂ ಬದಲಾದರು. ಹೊಸ ಮಾಲೀಕರು ಬಂದಾಗ ಕೋಚ್ ಹುಡುಕಾಟ ಹೇಗೆ ನಡೆಯುತ್ತದೆ, ಅದರಲ್ಲಿ ಎಲ್ಲಿ ಎಡವಟ್ಟಾಗುತ್ತದೆ ಅನ್ನೋದಕ್ಕೆ ಇಷ್ಟು ಹತ್ತಿರದ ಉದಾಹರಣೆ ಬೇರೊಂದಿಲ್ಲ.

ಮ್ಯಾನೇಜರ್ ಅಂದ್ರೆ ಯಾರು?

ಇಂಗ್ಲೆಂಡ್‌ನಲ್ಲಿ ತಂಡ ನಡೆಸುವವರನ್ನು ಮ್ಯಾನೇಜರ್ ಅಂತಾರೆ. ಭಾರತದಲ್ಲಿ ಅದೇ ಕೆಲಸದವರಿಗೆ ಮುಖ್ಯ ಕೋಚ್ ಅನ್ನುವುದು ರೂಢಿ. ಯಾರನ್ನು ಆಡಿಸಬೇಕು, ಯಾವ ರೀತಿ ಆಡಬೇಕು ಅನ್ನೋದು ಇವರ ಕೈಯಲ್ಲಿ. ಯಾವ ಆಟಗಾರ ಬೇಕು ಅಂತ ಕೇಳೋರೂ ಇವರೇ. ದುಡ್ಡು ಕೊಡೋದು ಮಾತ್ರ ಮಾಲೀಕರು.

ಒಂದು ದೊಡ್ಡ ಅಂಗಡಿಯನ್ನು ಹೊಸಬರು ಕೊಂಡರು ಅಂದುಕೊಳ್ಳಿ. ಹಳೇ ಮುನೀಮರಿಗೆ ಗಿರಾಕಿಗಳು ಗೊತ್ತು, ಉದ್ರಿ ಲೆಕ್ಕ ಗೊತ್ತು. ಆದರೂ ಹೊಸ ಸಾಹುಕಾರರಿಗೆ ತಮ್ಮ ನಂಬಿಕೆಯವರೇ ಗಲ್ಲೆ ಮೇಲೆ ಕೂರಲಿ ಅನ್ನಿಸುತ್ತದೆ. ಫುಟ್ಬಾಲ್‌ನಲ್ಲೂ ಹಾಗೇ. ಇನ್ನೊಂದು ತೊಡಕು ಇದೆ: ಕೋಚ್ ಒಬ್ಬರೇ ಬರೋದಿಲ್ಲ. ಸಹಾಯಕರು, ಗೋಲ್‌ಕೀಪರ್ ತರಬೇತುದಾರರು, ಫಿಟ್‌ನೆಸ್ ನೋಡುವವರು ಜೊತೆಗೇ ಬರುತ್ತಾರೆ. ಒಬ್ಬರನ್ನು ತೆಗೆದರೆ ಒಂದು ಗುಂಪೇ ಹೋಗುತ್ತದೆ.

ಮುಖ್ಯ ಕೋಚ್ ಆಗಲು ಪ್ರೊ ಲೈಸೆನ್ಸ್ ಅನ್ನುವ ಅತಿ ಮೇಲಿನ ಅರ್ಹತೆ ಬೇಕು. ಭಾರತದಲ್ಲಿ ಅದು ಇರುವವರು ಕಡಿಮೆ. ಹಾಗಾಗಿ ಐಎಸ್‌ಎಲ್ ಕ್ಲಬ್‌ಗಳು ಬಹುಕಾಲ ಸ್ಪೇನ್, ಇಂಗ್ಲೆಂಡ್ ಕಡೆಗೇ ನೋಡುತ್ತಿದ್ದವು. ಲೀಗ್ 2014ರಲ್ಲಿ ಶುರುವಾದರೂ, ಕಾಯಂ ಮುಖ್ಯ ಕೋಚ್ ಆಗಿ ಭಾರತೀಯರೊಬ್ಬರು ನೇಮಕವಾಗಿದ್ದು 2021ರಲ್ಲಿ. ಅವರು ನಾರ್ತ್‌ಈಸ್ಟ್ ಯುನೈಟೆಡ್‌ನ ಖಾಲಿದ್ ಜಮೀಲ್. 2025ರಲ್ಲಿ ಅವರೇ ಭಾರತ ತಂಡದ ಕೋಚ್ ಆದರು.

2019: ಮೊದಲ ಖರೀದಿ

ಹಣಕಾಸಿನ ತೊಂದರೆಗೆ ಸಿಲುಕಿದ ಎಫ್‌ಸಿ ಪುಣೆ ಸಿಟಿ 2019ರಲ್ಲಿ ಬಾಗಿಲು ಹಾಕಿತು. ಲೀಗ್‌ನಲ್ಲಿ ಅದರ ಜಾಗವನ್ನು ವಿಜಯ್ ಮದ್ದೂರಿ, ವರುಣ್ ತ್ರಿಪುರನೇನಿ ಪಡೆದು ಹೈದರಾಬಾದ್‌ಗೆ ತಂದರು. ಲೀಗ್ ಶುರುವಾಗಲು ಎರಡು ತಿಂಗಳೂ ಇರಲಿಲ್ಲ. ಹುಡುಕಾಟಕ್ಕೆ ಪುರುಸೊತ್ತು ಇಲ್ಲದೆ ಪುಣೆಯ ಕೋಚ್ ಫಿಲ್ ಬ್ರೌನ್ ಅವರೇ ಮುಂದುವರಿದರು.

ಫಲ ಕೆಟ್ಟದಾಗಿತ್ತು. 2020ರ ಜನವರಿಯಲ್ಲಿ ಬ್ರೌನ್ ಅವರನ್ನು ತೆಗೆಯಲಾಯಿತು. ಆ ಸಲ 18 ಪಂದ್ಯಗಳಲ್ಲಿ ಬಂದಿದ್ದು 10 ಅಂಕ, ಕೊನೆಯ ಸ್ಥಾನ.

ಈ ಸಲ ಮಾಲೀಕರು ಹೆಸರಿದ್ದವರನ್ನೇ ಹಿಡಿದರು. ಅವರು ಆಲ್ಬರ್ಟ್ ರೋಕಾ. 2016ರಲ್ಲಿ ಬೆಂಗಳೂರು ಎಫ್‌ಸಿಯನ್ನು ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದಿದ್ದವರು. ಆದರೆ ಅವರ ಮೊದಲ ಪೂರ್ಣ ಸೀಸನ್ ಶುರುವಾಗುವ ಮುಂಚೆಯೇ, 2020ರ ಆಗಸ್ಟ್‌ನಲ್ಲಿ, ಬಾರ್ಸಿಲೋನಾ ಕ್ಲಬ್‌ನಿಂದ ಕರೆ ಬಂತು. ಅವರು ಹೊರಟುಬಿಟ್ಟರು. ಒಪ್ಪಂದಕ್ಕೆ ಸಹಿ ಬಿದ್ದರೂ ಕೆಲಸ ಮುಗಿದಂತಲ್ಲ ಅನ್ನೋದು ಕ್ಲಬ್‌ಗೆ ಆಗ ಗೊತ್ತಾಯಿತು.

ಅವಸರದಲ್ಲಿ ಬಂದವರು ಸ್ಪೇನಿನ ಮನೋಲೊ ಮಾರ್ಕ್ವೆಜ್. ಭಾರತದಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಅವರು ಆಕಾಶ್ ಮಿಶ್ರಾ, ಆಶಿಶ್ ರೈ, ಲಿಸ್ಟನ್ ಕೊಲಾಸೊರಂಥ ಹುಡುಗರನ್ನು ಧೈರ್ಯವಾಗಿ ಆಡಿಸಿದರು. ಮೊದಲ ವರ್ಷ 5ನೇ ಸ್ಥಾನ. ಎರಡನೇ ವರ್ಷ, 2022ರ ಮಾರ್ಚ್ 20ರಂದು, ಗೋವಾದ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಫೈನಲ್. ಆಟ 1-1 ಸಮ. ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ಚೆಂಡು ತಡೆದರು. 3-1ರಿಂದ ಕಪ್ ಹೈದರಾಬಾದ್ ಪಾಲಾಯಿತು.

ಕೋವಿಡ್ ಕಾರಣ ಆ ಎರಡೂ ವರ್ಷ ಲೀಗ್ ಪೂರ್ತಿ ಗೋವಾದಲ್ಲೇ ನಡೆದಿತ್ತು. ಕಪ್ ಗೆದ್ದ ಸೀಸನ್‌ನಲ್ಲಿ ತಂಡ ಗಚ್ಚಿಬೌಲಿಯಲ್ಲಿ ಒಂದೂ ಲೀಗ್ ಪಂದ್ಯ ಆಡಿರಲಿಲ್ಲ.

ಬೆಂಗಳೂರು ಮಾಡಿದ್ದೇನು?

2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದ್ದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಜೆಎಸ್‌ಡಬ್ಲ್ಯೂ. ಅವರೂ ಫುಟ್ಬಾಲ್‌ಗೆ ಹೊಸಬರೇ. ದೊಡ್ಡ ಹೆಸರಿಗೆ ಹೋಗದೆ, ಇಂಗ್ಲೆಂಡಿನ ಆಶ್ಲೇ ವೆಸ್ಟ್‌ವುಡ್ ಅವರಿಗೆ ತಂಡ ಒಪ್ಪಿಸಿದರು. ಸುನಿಲ್ ಚೆಟ್ರಿ ನಾಯಕ. ಮೊದಲ ವರ್ಷವೇ ಐ-ಲೀಗ್ ಗೆದ್ದರು. 2016ರಲ್ಲಿ ಮತ್ತೆ ಗೆದ್ದರು.

ವೆಸ್ಟ್‌ವುಡ್ ಹೋದ ಮೇಲೆ ರೋಕಾ ಬಂದರು. 2018ರಲ್ಲಿ ರೋಕಾ ಹೋದಾಗ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕುಆಡ್ರಾಟ್ ಅವರಿಗೇ ಜವಾಬ್ದಾರಿ ಸಿಕ್ಕಿತು. ಆಟಗಾರರಿಗೆ ಹೊಸ ಪಾಠ ಕಲಿಯುವ ಪ್ರಮೇಯ ಬರಲಿಲ್ಲ. 2019ರ ಮಾರ್ಚ್‌ನಲ್ಲಿ ಗೋವಾವನ್ನು 1-0ಯಿಂದ ಸೋಲಿಸಿ ಬೆಂಗಳೂರು ಐಎಸ್‌ಎಲ್ ಕಪ್ ಎತ್ತಿತು. ಮುಂದೆ ಬೆಂಗಳೂರೂ ಸೋಲು ಕಂಡಿದೆ, ಕೋಚ್‌ಗಳನ್ನು ನಡುವೆಯೇ ಬದಲಿಸಿದೆ. ಆದರೆ ಮಾಲೀಕರು ಬದಲಾಗಲಿಲ್ಲ, ಕ್ಲಬ್ ಊರು ಬಿಡಲಿಲ್ಲ.

ಹೈದರಾಬಾದ್ ಕುಸಿದಿದ್ದು ಎಲ್ಲಿ?

2023ರಲ್ಲಿ ಮಾರ್ಕ್ವೆಜ್ ಎಫ್‌ಸಿ ಗೋವಾ ಸೇರಿದರು. ಅದರ ಬೆನ್ನಿಗೇ ಪಗಾರ ಬಾಕಿಯ ದೂರುಗಳು ಹೊರಬಿದ್ದವು. ಹೊಸ ಆಟಗಾರರನ್ನು ತೆಗೆದುಕೊಳ್ಳದಂತೆ ಫಿಫಾ ನಿಷೇಧ ಹಾಕಿತು. ವಿದೇಶಿ ಆಟಗಾರರು, ಹಿರಿಯ ಆಟಗಾರರು ಸೀಸನ್ ನಡುವೆಯೇ ಹೊರಟರು. ಕೋಚ್ ಥಾಂಗ್ಬೋಯಿ ಸಿಂಗ್ಟೊ ಉಳಿದ ಹುಡುಗರನ್ನು ಕಟ್ಟಿಕೊಂಡು ಆಡಿಸಿದರು. 22 ಪಂದ್ಯಗಳಲ್ಲಿ ಒಂದೇ ಗೆಲುವು, ಒಟ್ಟು 8 ಅಂಕ.

2024ರಲ್ಲಿ ಬಿ.ಸಿ. ಜಿಂದಾಲ್ ಸಮೂಹ ಕ್ಲಬ್ ಕೊಂಡಿತು. ಜಿಂದಾಲ್ ಅನ್ನೋ ಹೆಸರು ಒಂದೇ ಆದರೂ ಇದು ಜೆಎಸ್‌ಡಬ್ಲ್ಯೂ ಅಲ್ಲ, ಬೇರೆ ಕಂಪನಿ. ಮತ್ತೆ ಹಳೇ ಕಥೆ: ಲೀಗ್ ಹತ್ತಿರ ಬಂದಿತ್ತು, ಇದ್ದ ಕೋಚ್‌ರನ್ನೇ ಮುಂದುವರಿಸಿದರು, ಡಿಸೆಂಬರ್‌ನಲ್ಲಿ ತೆಗೆದರು. ಉಳಿದ ಪಂದ್ಯಗಳನ್ನು ಶಮೀಲ್ ಚೆಂಬಕತ್ ಹಂಗಾಮಿಯಾಗಿ ನೋಡಿಕೊಂಡರು. 13 ತಂಡಗಳಲ್ಲಿ 12ನೇ ಸ್ಥಾನ. 2025ರಲ್ಲಿ ಕ್ಲಬ್ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂದು ಹೆಸರು ಬದಲಿಸಿಕೊಂಡಿತು. ಅಲ್ಲಿಗೆ ಹೊಸ ಊರು, ಹೊಸ ಕೋಚ್ ಪೋಲೆಂಡಿನ ತೋಮಾಶ್ ಹ್ಹೂಶ್.

ಹೊಸ ಮಾಲೀಕರು ಬಂದಾಗ ಏನು ನೋಡಬೇಕು?

1. ಸಮಯ: 2019, 2024 ಎರಡರಲ್ಲೂ ಖರೀದಿ ತಡವಾಯಿತು. ಹುಡುಕಾಟಕ್ಕೆ ಎರಡು ಮೂರು ತಿಂಗಳಾದರೂ ಇಲ್ಲದಿದ್ದರೆ ಇದ್ದವರೇ ಮುಂದುವರಿಯುತ್ತಾರೆ. ಆಮೇಲೆ ಅರ್ಧ ದಾರಿಯಲ್ಲಿ ಹೋಗುತ್ತಾರೆ.

2. ಹಳೇ ಬಾಕಿ: ಪಗಾರ ನಿಂತ ಕ್ಲಬ್‌ನಲ್ಲಿ ಎಂಥ ಕೋಚ್ ಇದ್ದರೂ ಆಟಗಾರರು ನಿಲ್ಲುವುದಿಲ್ಲ. ಮೊದಲು ಬಾಕಿ ತೀರಬೇಕು.

3. ಎರಡನೇ ಆಯ್ಕೆ: ಹೈದರಾಬಾದ್‌ಗೆ ಕಪ್ ತಂದುಕೊಟ್ಟವರು ಮೊದಲ ಆಯ್ಕೆಯ ರೋಕಾ ಅಲ್ಲ, ಅವರ ಬದಲಿಗೆ ಬಂದ ಮಾರ್ಕ್ವೆಜ್. ಪಟ್ಟಿಯಲ್ಲಿ ಇನ್ನೊಂದು ಹೆಸರು ತಯಾರಿರಬೇಕು.

4. ಊರಿನ ಮಾತು: ಕ್ಲಬ್ ಇದೇ ಊರಲ್ಲಿ ಇರುತ್ತದೆಯೇ ಎಂದು ಮೊದಲ ದಿನವೇ ಕೇಳಬೇಕು. ಟಿಕೆಟ್ ಕೊಂಡು ಬರುವ ಅಭಿಮಾನಿಗೆ ಕೋಚ್ ಯಾರು ಅನ್ನೋದಕ್ಕಿಂತ ಇದೇ ದೊಡ್ಡ ಪ್ರಶ್ನೆ.

ಇನ್ನು ಬೀದರ್ ಜಿಲ್ಲೆಯ ಫುಟ್ಬಾಲ್ ಪ್ರಿಯರಿಗೆ ಐಎಸ್‌ಎಲ್ ಪಂದ್ಯವನ್ನು ಕ್ರೀಡಾಂಗಣದಲ್ಲಿ ನೋಡಬೇಕೆಂದರೆ ಬೆಂಗಳೂರು, ಮುಂಬೈ ಅಥವಾ ಗೋವಾದ ರಾತ್ರಿ ಪ್ರಯಾಣವೇ ದಾರಿ.