ಮುಗ್ಗರಿಸುವ ಆಟ, ತಪ್ಪಿತಸ್ಥನಲ್ಲದ ಕಾರ್ಡು

ಕಂಪ್ಯೂಟರಿನಲ್ಲಿ ಆಡುವ ವಿಡಿಯೊ ಗೇಮಿನ ಚಿತ್ರಗಳು ಸಿನಿಮಾದ ರೀಲಿನಂತೆ ಮೊದಲೇ ಸಿದ್ಧವಾಗಿ ಬಂದಿರುವುದಿಲ್ಲ. ಆಡುವವರು ಮೌಸನ್ನು ಎತ್ತ ಹೊರಳಿಸಿದರು, ಯಾವ ಕೀಲಿ ಒತ್ತಿದರು ಎಂಬುದನ್ನು ನೋಡಿಕೊಂಡು ಪ್ರತಿಯೊಂದು ಚಿತ್ರವನ್ನೂ ಯಂತ್ರವು ಆ ಕ್ಷಣದಲ್ಲೇ ಲೆಕ್ಕ ಹಾಕಿ ಬರೆಯಬೇಕಾಗುತ್ತದೆ. ಹೀಗೆ ಬರೆದ ಒಂದೊಂದು ಚಿತ್ರಕ್ಕೆ ಫ್ರೇಮ್ ಎಂದೂ, ಸೆಕೆಂಡಿಗೆ ಎಷ್ಟು ಫ್ರೇಮುಗಳು ಸಿದ್ಧವಾಗುತ್ತವೆ ಎಂಬ ಎಣಿಕೆಗೆ ಎಫ್‌ಪಿಎಸ್ ಎಂದೂ ಹೆಸರು. ಸೆಕೆಂಡಿಗೆ 60 ಫ್ರೇಮು ಬರಬೇಕೆಂದರೆ ಒಂದು ಚಿತ್ರಕ್ಕೆ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು, ಪರದೆಯು 1920ಕ್ಕೆ 1080 ಬಿಂದುಗಳದ್ದಾದರೆ ಅಷ್ಟೇ ಅವಧಿಯೊಳಗೆ 20,73,600 ಬಿಂದುಗಳ ಬಣ್ಣ ನಿಶ್ಚಯವಾಗಬೇಕು. ಒಂದೇ ಬಗೆಯ ಸಣ್ಣ ಲೆಕ್ಕವನ್ನು ಸಾವಿರಾರು ಘಟಕಗಳಿಂದ ಏಕಕಾಲದಲ್ಲಿ ಮಾಡಿಸಿ ಈ ಕೆಲಸವನ್ನು ಪೂರೈಸುವ ಚಿಪ್ಪನ್ನು ಜಿಪಿಯು ಎಂದು ಕರೆಯುತ್ತಾರೆ. 1999ರಲ್ಲಿ ಎನ್‌ವಿಡಿಯಾ ಕಂಪನಿಯು ತನ್ನ ಜಿಫೋರ್ಸ್ 256 ಎಂಬ ಉತ್ಪನ್ನವನ್ನು ಈ ಹೆಸರಿನಿಂದ ಪ್ರಚಾರ ಮಾಡಿದ ಮೇಲೆ ಆ ಪದ ಎಲ್ಲೆಡೆ ಬಳಕೆಗೆ ಬಂತು. ಆ ಚಿಪ್ಪು, ಅದರದೇ ಆದ ಮೆಮೊರಿ, ತಣಿಸುವ ಫ್ಯಾನು ಇವೆಲ್ಲ ಸೇರಿದ ಫಲಕವೇ ಗ್ರಾಫಿಕ್ಸ್ ಕಾರ್ಡು.

ಗೇಮಿಗೆಂದು ಜೋಡಿಸಿದ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿಯಾದ ಭಾಗ ಇದೇ ಆದ್ದರಿಂದ, ಆಟ ಮುಗ್ಗರಿಸತೊಡಗಿದೊಡನೆ ಮೊದಲ ಅನುಮಾನವೂ ಇದರ ಮೇಲೆಯೇ ಬೀಳುತ್ತದೆ. ಆದರೆ ಒಂದು ಫ್ರೇಮು ಪರದೆ ತಲುಪುವುದರೊಳಗೆ ಹಲವು ಕೈಗಳನ್ನು ದಾಟಿರುತ್ತದೆ. ಮದುವೆ ಮನೆಯ ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಪಂಕ್ತಿಯಲ್ಲಿ ಬಡಿಸುವವರು ಇಬ್ಬರೇ ಇದ್ದರೆ ಎಲೆಯ ಮುಂದೆ ಕುಳಿತವರು ಕಾಯಲೇಬೇಕಾಗುತ್ತದೆ. ಆಗ ಅಡುಗೆಯವರನ್ನು ಬದಲಿಸುವುದರಿಂದ ಪ್ರಯೋಜನವಿಲ್ಲ. ಕಂಪ್ಯೂಟರಿನಲ್ಲಿಯೂ ಯಾವ ಪಾತ್ರ ಎಲ್ಲಿ ನಿಂತಿದೆ, ಯಾವ ವಸ್ತುವನ್ನು ಬರೆಯಬೇಕು ಎಂಬ ಆದೇಶಗಳನ್ನು ಸಿದ್ಧಪಡಿಸುವುದು ಮುಖ್ಯ ಪ್ರೊಸೆಸರ್, ಅಂದರೆ ಸಿಪಿಯು. ಸಾಮಗ್ರಿ ಒದಗಿಸುವುದು ರ‍್ಯಾಮ್ ಮತ್ತು ಡಿಸ್ಕು. ವಿದ್ಯುತ್ತು ಕೊಡುವುದು ಎಸ್‌ಎಂಪಿಎಸ್. ಇವುಗಳಲ್ಲಿ ಯಾವುದು ಹಿಂದೆ ಬಿದ್ದರೂ ಕಾರ್ಡು ಕೈಕಟ್ಟಿ ಕುಳಿತಿರುತ್ತದೆ.

ತಪ್ಪು ಯಾವ ಭಾಗದ್ದೆಂದು ಗುರುತಿಸುವ ಈ ವಿವೇಚನೆಗೆ ಹಾಸನದಂಥ ಜಿಲ್ಲೆಯಲ್ಲಿ ಹೆಚ್ಚಿನ ಬೆಲೆಯಿದೆ. 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಮೊದಲುಗೊಂಡು ಹಾಸನದ ಹಲವು ಕಾಲೇಜುಗಳಿಗೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಮಕ್ಕಳು ಬರುತ್ತಾರೆ. ಓದಿಗೆಂದು ಮನೆಯವರು ಕೊಡಿಸಿದ ಲ್ಯಾಪ್‌ಟಾಪಿನಲ್ಲೋ ಅಸೆಂಬಲ್ ಮಾಡಿಸಿದ ಪಿಸಿಯಲ್ಲೋ ಓದೂ ಆಟವೂ ಎರಡೂ ನಡೆಯುತ್ತವೆ. ಕಾವೇರಿಯ ದಡದ ರಾಮನಾಥಪುರದಲ್ಲಿರುವವರು ಒಂದು ಬಿಡಿಭಾಗವನ್ನು ಬದಲಿಸಿ ಪರೀಕ್ಷಿಸಬೇಕೆಂದರೆ ಹಾಸನಕ್ಕೋ ಮೈಸೂರಿಗೋ ಬಸ್ಸು ಹತ್ತಬೇಕು, ಆಯ್ಕೆ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೂ ಹೋಗಬೇಕು. ಅಲ್ಲಿಂದ ತಂದ ಹೊಸ ಕಾರ್ಡು ಹಳೆಯ ತೊಂದರೆಯನ್ನು ಹಾಗೆಯೇ ಉಳಿಸಿದರೆ ನಷ್ಟವಾಗುವುದು ಸಾವಿರಗಳ ಲೆಕ್ಕದಲ್ಲಿ. ಆದ್ದರಿಂದ ಕೊಳ್ಳುವ ಮುನ್ನ ಅಳೆದು ನೋಡುವುದೇ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ.

ಅಳೆಯುವ ಮೊದಲು ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳಬೇಕು. ‘ಗೇಮ್ ಲ್ಯಾಗ್ ಆಗುತ್ತಿದೆ’ ಎಂಬ ಮಾತನ್ನು ಎರಡು ಬೇರೆ ಬೇರೆ ರೋಗಗಳಿಗೆ ಬಳಸುತ್ತಾರೆ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2ರಂಥ ಆನ್‌ಲೈನ್ ಆಟಗಳಲ್ಲಿ ಚಿತ್ರ ನಯವಾಗಿ ಚಲಿಸುತ್ತಿದ್ದರೂ ಹಾರಿಸಿದ ಗುಂಡು ತಡವಾಗಿ ತಗಲುವುದು, ಎದುರಾಳಿ ಇದ್ದಲ್ಲಿಂದ ಇನ್ನೊಂದೆಡೆಗೆ ನೆಗೆದಂತೆ ಕಾಣುವುದು ಇಂಟರ್ನೆಟ್ಟಿನ ವಿಳಂಬದ ಲಕ್ಷಣ. ಅದನ್ನು ಪಿಂಗ್ ಎಂಬ ಸಂಖ್ಯೆ ತಿಳಿಸುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಆಡುವಾಗ ಪಿಂಗ್ ಏರಿಳಿದರೆ ಅದಕ್ಕೆ ಯಾವ ಕಾರ್ಡಿನಲ್ಲೂ ಪರಿಹಾರವಿಲ್ಲ. ಚಿತ್ರವೇ ತಡವರಿಸಿದಾಗ, ಇಂಟರ್ನೆಟ್ಟು ಬೇಡದ ಆಟದಲ್ಲಿಯೂ ತಡವರಿಕೆ ಉಳಿದಾಗ ಮಾತ್ರ ಕಂಪ್ಯೂಟರಿನ ಒಳಗೆ ಹುಡುಕುವುದು ಸರಿ.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ 2017ರಿಂದ ಜಿಪಿಯು ಎಷ್ಟು ಶೇಕಡ ಕೆಲಸ ಮಾಡುತ್ತಿದೆ ಎಂಬುದೂ, 2020ರಿಂದ ಅದರ ತಾಪಮಾನವೂ ಕಾಣಸಿಗುತ್ತವೆ. ಆಟ ನಡೆಯುತ್ತಿರುವಾಗ ಜಿಪಿಯು ಬಳಕೆ 95ಕ್ಕಿಂತ ಮೇಲಿದ್ದರೆ ಕಾರ್ಡು ಬಿಡುವಿಲ್ಲದೆ ಕೆಲಸ ಮಾಡುತ್ತಿದೆ ಎಂದು ಹೇಳಬಹುದು. 40 ಅಥವಾ 50ರಲ್ಲಿ ತೂಗಾಡುತ್ತಿದ್ದು ಎಫ್‌ಪಿಎಸ್ ಮಾತ್ರ ಕಡಿಮೆಯಿದ್ದರೆ, ಅದಕ್ಕೆ ಎಲ್ಲಿಯೂ ಮಿತಿ ಹಾಕಿರದಿದ್ದಲ್ಲಿ, ಕಾರ್ಡು ಆದೇಶಕ್ಕಾಗಿ ಕಾಯುತ್ತಿದೆ ಎಂದರ್ಥ. ಇಲ್ಲಿ ಅನೇಕರು ಎಡವುವ ಒಂದು ಸೂಕ್ಷ್ಮವಿದೆ. ಈ ಶೇಕಡ ಸಂಖ್ಯೆಯು ಕಾರ್ಡು ಎಷ್ಟು ಹೊತ್ತು ಕೆಲಸದಲ್ಲಿತ್ತು ಎಂಬುದನ್ನು ಹೇಳುತ್ತದೆಯೇ ವಿನಾ ಎಷ್ಟು ವೇಗದಲ್ಲಿ ಮಾಡಿತು ಎಂಬುದನ್ನಲ್ಲ. ಬಿಸಿಯಿಂದಲೋ ವಿದ್ಯುತ್ತಿನ ಮಿತಿಯಿಂದಲೋ ಅರ್ಧ ವೇಗಕ್ಕೆ ಇಳಿದ ಕಾರ್ಡು ಕೂಡ 99 ಎಂದೇ ತೋರಿಸಬಲ್ಲದು. ಆದ್ದರಿಂದ ಎಂಎಸ್‌ಐ ಆಫ್ಟರ್‌ಬರ್ನರ್ ಅಥವಾ ಜಿಪಿಯು-ಜಡ್ ಎಂಬ ಉಚಿತ ತಂತ್ರಾಂಶಗಳಲ್ಲಿ ಮೆಗಾಹರ್ಟ್ಸ್ ಲೆಕ್ಕದ ಚಿಪ್ಪಿನ ವೇಗವನ್ನೂ ತಾಪಮಾನವನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಚಿತ್ರ ಪೂರ್ಣವಾಗುತ್ತದೆ.

ಕೆಲವು ಸಂದರ್ಭಗಳಲ್ಲಿ ದುಬಾರಿ ಕಾರ್ಡು ಆಟಕ್ಕೆ ಬಳಕೆಯೇ ಆಗಿರುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎರಡು ಜಿಪಿಯುಗಳಿರುತ್ತವೆ: ಬ್ಯಾಟರಿ ಉಳಿಸುವ ಸಲುವಾಗಿ ಪ್ರೊಸೆಸರಿನೊಳಗೇ ಇರುವ ಚಿಕ್ಕದೊಂದು, ಭಾರದ ಕೆಲಸಕ್ಕೆ ಪ್ರತ್ಯೇಕವಾದ ಇನ್ನೊಂದು. ಆಟವನ್ನು ಚಿಕ್ಕದಕ್ಕೆ ವಹಿಸುವ ತಪ್ಪನ್ನು ವಿಂಡೋಸ್ ಆಗಾಗ ಮಾಡುತ್ತದೆ; ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಆ ಆಟವನ್ನು ಸೇರಿಸಿ ‘ಹೈ ಪರ್ಫಾರ್ಮೆನ್ಸ್’ ಎಂದು ಗುರುತಿಸಿದರೆ ಅದು ಸರಿಹೋಗುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಆಡಿದರಂತೂ ವೇಗ ಕುಸಿಯುವುದು ಖಚಿತ, ಏಕೆಂದರೆ ಪ್ರತ್ಯೇಕ ಜಿಪಿಯು ಬೇಡುವಷ್ಟು ವಿದ್ಯುತ್ತನ್ನು ಬ್ಯಾಟರಿ ಒದಗಿಸಲಾರದು. ಮೇಜಿನ ಮೇಲಿನ ಪಿಸಿಯಲ್ಲಿ ಇದೇ ತಪ್ಪು ಕೇಬಲ್ಲಿನ ರೂಪದಲ್ಲಿ ಬರುತ್ತದೆ. ಮಾನಿಟರಿನ ಎಚ್‌ಡಿಎಂಐ ಕೇಬಲ್ಲನ್ನು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಕಾರ್ಡಿನ ರಂಧ್ರಕ್ಕೆ ಸಿಕ್ಕಿಸದೆ, ಅದಕ್ಕಿಂತ ಮೇಲೆ ಯುಎಸ್‌ಬಿ ರಂಧ್ರಗಳ ಪಕ್ಕದಲ್ಲಿರುವ ಮದರ್‌ಬೋರ್ಡಿನ ರಂಧ್ರಕ್ಕೆ ಸಿಕ್ಕಿಸಿದರೆ ಕಾರ್ಡು ಬಹುಮಟ್ಟಿಗೆ ಸುಮ್ಮನೆ ಕುಳಿತಿರುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಎಫ್‌ಪಿಎಸ್ಸನ್ನು ಹಲವು ಪಟ್ಟು ಏರಿಸುವ ದುರಸ್ತಿ ಇದು.

ಬಿಸಿ, ದೂಳು, ವಿದ್ಯುತ್ತುಗಳ ವಿಷಯಕ್ಕೆ ಬಂದಾಗ ಊರಿನ ಪರಿಸರವೂ ಲೆಕ್ಕಕ್ಕೆ ಬರುತ್ತದೆ. ಜಿಪಿಯು ತನ್ನ ತಾಪಮಾನವನ್ನು ತಾನೇ ಕಾಯುತ್ತಿರುತ್ತದೆ. ಬಹಳಷ್ಟು ಕಾರ್ಡುಗಳಲ್ಲಿ ಅದು 83ರಿಂದ 90 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ತಲುಪಿದಾಗ ಚಿಪ್ಪು ಸುಡದಂತೆ ವೇಗವನ್ನು ತಾನಾಗಿ ಇಳಿಸಿಕೊಳ್ಳುತ್ತದೆ. ಇದನ್ನು ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತಾರೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಆಟ ಕುಂಟತೊಡಗಿದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಸೌದೆಯಿಂದ ಹೊಗೆಸೊಪ್ಪು ಹದ ಮಾಡುವ ರಾಮನಾಥಪುರದ ಸುತ್ತಿನ ಬ್ಯಾರನ್ನುಗಳ ಬೂದಿ, ಚನ್ನರಾಯಪಟ್ಟಣದ ಕಡೆಯ ತೆಂಗಿನ ನಾರಿನ ಪುಡಿ, ಸುಗ್ಗಿಯಲ್ಲಿ ರಾಗಿ ಒಕ್ಕುವಾಗ ಏಳುವ ಹೊಟ್ಟು ಇವೆಲ್ಲ ಕಿಟಕಿ ತೆರೆದ ಕೋಣೆಗಳಿಗೆ ಬಂದು, ಫ್ಯಾನು ಎಳೆದುಕೊಂಡ ಗಾಳಿಯೊಡನೆ ಕಾರ್ಡಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿನಲ್ಲಿ ಕಂಬಳಿಯಂತೆ ಹೆಪ್ಪುಗಟ್ಟುತ್ತವೆ. ಜೊತೆಗೆ ಕ್ಯಾಬಿನೆಟ್ಟನ್ನು ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಗೂಡಿನೊಳಗೆ ತಳ್ಳಿಡುವ ರೂಢಿಯೂ ಇದೆ. ಅಲ್ಲಿ ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದೆ ಅದೇ ಗಾಳಿ ಮತ್ತೆ ಮತ್ತೆ ಸುತ್ತುತ್ತದೆ. ಗೂಡಿನಿಂದ ಹೊರತೆಗೆದು ಗೋಡೆಗೆ ಒಂದು ಗೇಣು ದೂರದಲ್ಲಿ ಇಟ್ಟರೆ ಹಲವು ಡಿಗ್ರಿ ಇಳಿಯಬಹುದು.

ಶುಚಿ ಮಾಡುವಾಗ ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆದು, ಒಣ ಕುಂಚ ಅಥವಾ ಬ್ಲೋವರ್ ಬಳಸಬೇಕು. ಬ್ಲೋವರಿನ ರಭಸಕ್ಕೆ ಫ್ಯಾನು ಮಿತಿಮೀರಿ ತಿರುಗಿ ಕೆಡದಂತೆ ಅದರ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಒದ್ದೆ ಬಟ್ಟೆ ಸರ್ವಥಾ ಕೂಡದು. ಶುಚಿಯಾದ ಮೇಲೂ ಬಿಸಿ ಇಳಿಯದಿದ್ದರೆ, ಚಿಪ್ಪಿಗೂ ತಣಿಸುವ ಲೋಹಕ್ಕೂ ನಡುವೆ ಬಳಿದಿರುವ ಥರ್ಮಲ್ ಪೇಸ್ಟ್ ವರ್ಷಗಳ ಬಳಕೆಯಿಂದ ಒಣಗಿರಬಹುದು. ಅದನ್ನು ಬದಲಿಸುವ ಕೆಲಸವನ್ನು ಕೈ ಪಳಗಿದವರಿಗೆ ಬಿಡುವುದು ಒಳ್ಳೆಯದು.

ವಿದ್ಯುತ್ತಿನ ಬಗ್ಗೆ ಹಳ್ಳಿಗಳ ಕಡೆ ಒಂದು ತಪ್ಪು ಗ್ರಹಿಕೆ ಇರುವುದು ಸಹಜ: ಪಂಪ್‌ಸೆಟ್ಟುಗಳು ಓಡತೊಡಗಿದಾಗ ಬಲ್ಬು ಮಂಕಾಗುವಂತೆ ಆಟವೂ ನಿಧಾನವಾಗುತ್ತದೆ ಎಂಬುದು. ನಿರಂತರ ಜ್ಯೋತಿ ಯೋಜನೆಯಡಿ ಮನೆಗಳ ಮಾರ್ಗವನ್ನು ಪಂಪ್‌ಸೆಟ್ಟಿನ ಮಾರ್ಗದಿಂದ ಬೇರ್ಪಡಿಸಿದ ಕಡೆ ವೋಲ್ಟೇಜಿನ ಈ ಏರಿಳಿತ ತಗ್ಗಿದೆ. ಇಳಿತವಿದ್ದ ಕಡೆಯೂ ಎಸ್‌ಎಂಪಿಎಸ್ ಹೊರಗಿನ 230 ವೋಲ್ಟು ಒಂದಿಷ್ಟು ಹೆಚ್ಚುಕಡಿಮೆಯಾದರೂ ಒಳಗೆ 12 ವೋಲ್ಟನ್ನೇ ಕೊಡುವಂತೆ ರಚಿತವಾಗಿದೆ. ವೋಲ್ಟೇಜು ಅದರ ಮಿತಿಗಿಂತ ಕೆಳಗಿಳಿದಾಗ ಕಂಪ್ಯೂಟರ್ ಒಮ್ಮೆಲೆ ಆರಿಹೋಗುತ್ತದೆ. ಎಫ್‌ಪಿಎಸ್ ನಿಧಾನವಾಗಿ ಇಳಿಯುವುದಿಲ್ಲ. ನಿಜವಾದ ಕೊರತೆ ಬರುವುದು ಎಸ್‌ಎಂಪಿಎಸ್ಸೇ ಕಳಪೆಯಾಗಿದ್ದಾಗ. ಮದರ್‌ಬೋರ್ಡಿನ ಸ್ಲಾಟು ಕಾರ್ಡಿಗೆ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದಕ್ಕೂ ಮೇಲೆ ಬೇಕಾದರೆ 6 ಪಿನ್ನಿನ ಕೇಬಲ್ಲು ಇನ್ನೂ 75, 8 ಪಿನ್ನಿನದು 150 ವ್ಯಾಟ್ ಸೇರಿಸುತ್ತದೆ. ಅಸೆಂಬಲ್ ಮಾಡಿಸುವಾಗ ಉಳಿತಾಯಕ್ಕೆ ಕತ್ತರಿ ಬೀಳುವುದು ಹೆಚ್ಚಾಗಿ ಈ ಭಾಗದ ಮೇಲೆಯೇ. ಇದು ತೀರ ತಪ್ಪಾದ ಉಳಿತಾಯ, ಏಕೆಂದರೆ ಹೆಸರಿಲ್ಲದ ಎಸ್‌ಎಂಪಿಎಸ್ ಕೆಡುವಾಗ ತನ್ನೊಡನೆ ಕಾರ್ಡನ್ನೂ ಕರೆದುಕೊಂಡು ಹೋಗಬಹುದು.

ಇನ್ನು ಡ್ರೈವರ್. ಇದು ವಿಂಡೋಸ್ ಮತ್ತು ಆಟಗಳ ಆದೇಶವನ್ನು ಕಾರ್ಡಿಗೆ ತಿಳಿಯುವ ಭಾಷೆಗೆ ತಿರುಗಿಸಿ ಹೇಳುವ ದುಭಾಷಿ ತಂತ್ರಾಂಶ. ಹೊಸ ಆಟ ಬಂದಾಗ ಹೊಸ ಡ್ರೈವರ್ ಹಾಕಿದರೆ ವೇಗ ಹೆಚ್ಚುವುದುಂಟು, ಹೊಸದನ್ನು ಹಾಕಿದ ಮರುದಿನವೇ ತೊಂದರೆ ಶುರುವಾಗುವುದೂ ಉಂಟು. ಎರಡನೆಯ ಸಂದರ್ಭದಲ್ಲಿ ಹಿಂದಿನ ಆವೃತ್ತಿಗೆ ಮರಳುವುದು ತಪ್ಪಲ್ಲ. ಕಂಪನಿ ಬದಲಿಸಿ ಕಾರ್ಡು ಹಾಕಿದಾಗ ಹಳೆಯದರ ಅವಶೇಷಗಳು ಉಳಿದು ತೊಡಕಾಗಬಹುದು. ಅವನ್ನು ಬುಡಸಹಿತ ಅಳಿಸಲು ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶವಿದೆ.

ಮೆಮೊರಿಯ ತೊಂದರೆಯ ಲಕ್ಷಣ ಬೇರೆ. ಗೋಡೆಯ ಬಿರುಕು, ಬಟ್ಟೆಯ ನೇಯ್ಗೆ ಮುಂತಾದ ಮೇಲ್ಮೈ ಚಿತ್ರಗಳನ್ನು ಟೆಕ್ಸ್ಚರ್ ಎನ್ನುತ್ತಾರೆ. ಅವೆಲ್ಲ ಕಾರ್ಡಿನ ಸ್ವಂತ ಮೆಮೊರಿಯಾದ ವಿರ‍್ಯಾಮ್‌ನಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ಕಾರ್ಡು ನಿಧಾನವಾದ ರ‍್ಯಾಮ್‌ನಿಂದ ಮತ್ತೆ ಮತ್ತೆ ತರಿಸಿಕೊಳ್ಳುತ್ತದೆ. ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದರೂ ತಿರುವಿನಲ್ಲಿ ಹೊರಳಿದಾಗಲೆಲ್ಲ ಆಟ ಗಕ್ಕನೆ ನಿಂತು ಮುಂದೆ ಹೋಗುತ್ತದೆ. 4 ಜಿಬಿ ಕಾರ್ಡಿನಲ್ಲಿ ಟೆಕ್ಸ್ಚರನ್ನು ಒಂದು ಮೆಟ್ಟಿಲು ಇಳಿಸಿದರೆ ಇದು ಮಾಯವಾಗುವುದುಂಟು. 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಆಟದ ಸೆಟ್ಟಿಂಗ್ಸ್ ಪುಟದಲ್ಲಿ ಎಷ್ಟು ವಿರ‍್ಯಾಮ್ ಬೇಕಾಗುತ್ತದೆ ಎಂಬುದನ್ನು ಪಟ್ಟಿಯ ರೂಪದಲ್ಲಿ ತೋರಿಸಿರುವುದು ಮೆಚ್ಚಬೇಕಾದ ಕ್ರಮ. ರ‍್ಯಾಮ್ ಕಡ್ಡಿಯೂ ಒಂದಕ್ಕಿಂತ ಎರಡಿರುವುದು ಮೇಲು: 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಜೋಡಿ ಕಡ್ಡಿಗಳು ಇಮ್ಮಡಿ ದಾರಿಯಲ್ಲಿ ಮಾಹಿತಿ ಸಾಗಿಸುತ್ತವೆ, ಪ್ರತ್ಯೇಕ ಕಾರ್ಡಿಲ್ಲದ ಲ್ಯಾಪ್‌ಟಾಪಿನಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ.

ಎಲ್ಲ ಸರಿಯಿದ್ದು ಕಾರ್ಡೇ ನಿಜವಾಗಿ ದಣಿದಿದ್ದರೆ ಆಟದ ಬೇಡಿಕೆಯನ್ನು ಇಳಿಸಬೇಕು. ನೆರಳು, ಪ್ರತಿಬಿಂಬ, ಮಂಜು, ಬೆಳಕಿನ ಕಿರಣಗಳ ಜಾಡು ಹಿಡಿಯುವ ರೇ ಟ್ರೇಸಿಂಗ್ ಇವು ಭಾರದ ಕೆಲಸಗಳು. ಮೊದಲು ಇಳಿಸಬೇಕಾದದ್ದು ಇವನ್ನೇ. ಚಿತ್ರವನ್ನು ಕಡಿಮೆ ಬಿಂದುಗಳಲ್ಲಿ ಬರೆದು ಆಮೇಲೆ ಹಿಗ್ಗಿಸುವ ಡಿಎಲ್‌ಎಸ್‌ಎಸ್ ತಂತ್ರವು ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳಿಗಷ್ಟೇ ಮೀಸಲು, ಆದರೆ ಎಎಂಡಿ ಕಂಪನಿಯು 2021ರಲ್ಲಿ ತಂದ ಅದೇ ಬಗೆಯ ಎಫ್‌ಎಸ್‌ಆರ್‌ನ ಮೊದಲ ಆವೃತ್ತಿಗಳು ಹಳೆಯ ಕಾರ್ಡುಗಳಲ್ಲಿಯೂ, ಬೇರೆ ಕಂಪನಿಯವುಗಳಲ್ಲಿಯೂ ನಡೆಯುತ್ತವೆ. ಒಂದೊಂದು ಸಲ ಒಂದೇ ಒಂದನ್ನು ಬದಲಿಸಿ, ಅದೇ ಜಾಗದಲ್ಲಿ ಮತ್ತೆ ಅಳೆಯುವ ತಾಳ್ಮೆ ಇಲ್ಲಿ ಬೇಕು. ತಪ್ಪು ಆಟದ್ದೇ ಆಗಿರುವ ಸಾಧ್ಯತೆಯೂ ಇಲ್ಲದಿಲ್ಲ: ಜಿಟಿಎ ಆನ್‌ಲೈನ್ ತೆರೆದುಕೊಳ್ಳಲು ವರ್ಷಗಟ್ಟಲೆ ನಿಮಿಷಗಳನ್ನೇ ತಿನ್ನುತ್ತಿದ್ದುದಕ್ಕೆ ಅದರ ಸಂಕೇತದಲ್ಲಿದ್ದ ಅಸಡ್ಡೆಯೇ ಕಾರಣವೆಂದು 2021ರಲ್ಲಿ ಹೊರಗಿನ ಪ್ರೋಗ್ರಾಮರ್ ಒಬ್ಬರು ತೋರಿಸಿಕೊಟ್ಟರು, ಕಂಪನಿ ಅದನ್ನು ಒಪ್ಪಿ ತಿದ್ದಿತು.

ಇಷ್ಟಾದ ಮೇಲೂ ಬೇರೆ ಕಾರ್ಡೇ ಬೇಕೆಂದು ನಿಶ್ಚಯವಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಹೋಗುವವರು ಎರಡು ಸಂಗತಿ ತಿಳಿದಿರಬೇಕು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯವು ಕಾರ್ಡುಗಳಿಂದ ಲೆಕ್ಕ ಮಾಡಿಸುವ ಪದ್ಧತಿಯನ್ನು ಕೈಬಿಟ್ಟಾಗ, ಹಗಲು ರಾತ್ರಿ ದುಡಿದ ಕಾರ್ಡುಗಳು ಜಗತ್ತಿನಾದ್ಯಂತ ಮಾರಾಟಕ್ಕೆ ಬಂದವು. ಅವೆಲ್ಲ ಕೆಟ್ಟವೆನ್ನಲಾಗದು, ಆದರೆ ಫ್ಯಾನು ಮತ್ತು ಪೇಸ್ಟು ಸವೆದಿರುವ ಸಂಭವ ಹೆಚ್ಚು. ಎರಡನೆಯದು ನೇರ ಮೋಸ: 192 ಘಟಕಗಳ ಹಳೆಯ ಜಿಟಿಎಕ್ಸ್ 550 ಟಿಐ ಕಾರ್ಡಿನ ಒಳಗಿನ ಬರಹವನ್ನು ತಿದ್ದಿ 768 ಘಟಕಗಳ 1050 ಟಿಐ ಎಂದು ಮಾರಿದ ಪ್ರಕರಣಗಳಿವೆ. ಇಂಥ ಕಾರ್ಡನ್ನು ವಿಂಡೋಸ್ ಸುಳ್ಳು ಹೆಸರಿನಿಂದಲೇ ಗುರುತಿಸಿದರೂ ಜಿಪಿಯು-ಜಡ್ ನಕಲಿ ಎಂದು ಹೆಸರಿನ ಮುಂದೆಯೇ ಬರೆದು ತೋರಿಸುತ್ತದೆ. ಹಣ ಕೊಡುವ ಮೊದಲು ಆ ತಂತ್ರಾಂಶವನ್ನು ತೆರೆದು ನೋಡಿ, ಅಂಗಡಿಯಲ್ಲೇ ಅರ್ಧ ಗಂಟೆ ಭಾರದ ಆಟವೊಂದನ್ನು ಓಡಿಸಿ, ತಾಪಮಾನ ಎಲ್ಲಿ ನಿಂತಿತು, ಮೆಗಾಹರ್ಟ್ಸ್ ಕುಸಿಯಿತೇ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಹಾಗೆ ಓಡಿಸಿ ತೋರಿಸಲು ಒಪ್ಪದವರಿಂದ ಕಾರ್ಡು ಕೊಳ್ಳಬಾರದು.