ಗೊರಕೆಯ ಗುಟ್ಟು, ನೆತ್ತರಿನ ಸಾಕ್ಷ್ಯ

ಗೊರಕೆಯನ್ನು ಕುರಿತು ಗಂಭೀರವಾಗಿ ಬರೆಯಹೊರಟವನನ್ನು ಕಂಡರೆ ಓದುಗರಿಗೆ ನಗು ಬರುವುದು ಸಹಜ. ನಮ್ಮಲ್ಲಿ ಗೊರಕೆ ಎಂದೂ ಹಾಸ್ಯದ ಸರಕೇ ಆಗಿದೆ. ಇಂದ್ರಾಸನವನ್ನು ಬೇಡಹೋದ ಕುಂಭಕರ್ಣನ ನಾಲಗೆ ತೊಡರಿ ನಿದ್ರಾಸನವನ್ನು ಬೇಡಿತೆಂಬ ಕಥೆಯನ್ನು ಅಜ್ಜಿಯ ಬಾಯಿಂದ ಕೇಳದವರಾರು? ಮದುವೆಯ ಮನೆಯಲ್ಲಿ ಜಮಖಾನದ ಮೇಲೆ ಸಾಲಾಗಿ ಮಲಗಿದ ಬಂಧುಗಳ ನಡುವೆ ಗೊರಕೆಯವರೊಬ್ಬರಿದ್ದರೆ, ಮರುದಿನ ಬೆಳಗಿನ ಉಪ್ಪಿಟ್ಟು ಮುಗಿಯುವವರೆಗೂ ಮಾತಿಗೆ ಬೇರೆ ವಿಷಯವೇ ಬೇಡ. ಅದರ ಹಿಂದೆ ಒಂದಿಷ್ಟು ಅಸೂಯೆಯೂ ಇರುವುದುಂಟು. ಗೊರಕೆ ಹೊಡೆಯುವವನು ಗಾಢನಿದ್ರೆಯ ಸುಖಿ ಎಂಬುದು ನಮ್ಮೆಲ್ಲರ ನಂಬಿಕೆ. ಈ ನಂಬಿಕೆ ತಪ್ಪೆಂದು ನನಗೆ ತಿಳಿದದ್ದು ನಮ್ಮ ಭಾವನವರ ದೆಸೆಯಿಂದ.

ಭಾವನವರದು ಸ್ಥೂಲಕಾಯ, ತೆರೆದ ಮನಸ್ಸು, ಮನೆ ತುಂಬುವ ನಗು. ಅವರ ಗೊರಕೆಯೂ ಅವರ ನಗುವಿನಷ್ಟೇ ಪ್ರಸಿದ್ಧ. ಅಕ್ಕ ಇಪ್ಪತ್ತು ವರ್ಷ ಅದನ್ನು ಸಹಿಸಿಕೊಂಡು ಬಂದವಳು. ಎರಡು ವರ್ಷದ ಕೆಳಗೆ ಒಂದು ದಿನ ನನ್ನನ್ನು ಅಡಿಗೆಮನೆಗೆ ಕರೆದು ದನಿ ತಗ್ಗಿಸಿ ಹೇಳಿದಳು: "ಸದ್ದು ಬರುತ್ತಿದ್ದರೆ ನನಗೆ ಧೈರ್ಯ ಕಣೋ. ನಿಂತುಹೋದಾಗಲೇ ಭಯ." ಗೊರಕೆ ಏರುತ್ತ ಏರುತ್ತ ಥಟ್ಟನೆ ನಿಲ್ಲುವುದು, ಎದೆ ಏರಿಳಿಯುತ್ತಿದ್ದರೂ ಮೂಗಿನಲ್ಲಿ ಗಾಳಿಯಾಡದು, ಅಕ್ಕ ಎದ್ದು ಕುಳಿತು ಒಂದು, ಎರಡು ಎಂದು ಎಣಿಸುವಳು, ಇಪ್ಪತ್ತೋ ಮೂವತ್ತೋ ಆದಮೇಲೆ ನೀರಿನಿಂದ ಮೇಲೆದ್ದವರಂತೆ ಅವರು ಒಮ್ಮೆ ಉಸಿರು ಸೆಳೆದು ಮತ್ತೆ ಗೊರಕೆಗೆ ತೊಡಗುವರು. ಇಷ್ಟಾದರೂ ಬೆಳಿಗ್ಗೆ ಅವರಿಗೆ ಯಾವ ನೆನಪೂ ಇಲ್ಲ. ತಲೆ ಭಾರ, ಬಾಯಿ ಒಣಗಿದೆ ಎನ್ನುವರು, ಹಗಲೆಲ್ಲ ತೂಕಡಿಸುವರು. ಒಮ್ಮೆ ಕಾರು ನಡೆಸುತ್ತಲೇ ಕಣ್ಣು ಮುಚ್ಚಿ, ಗಾಡಿ ರಸ್ತೆಯ ಅಂಚಿಗಿಳಿದು ಮಣ್ಣಿನ ದಿಬ್ಬಕ್ಕೆ ತಾಗಿ ನಿಂತಿತು. ಅಂದು ಯಾರಿಗೂ ನಗು ಬರಲಿಲ್ಲ.

ಮೈಗೆ ತಂತಿಗಳನ್ನು ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದಾಗ, ಗಂಟೆಗೆ ೩೮ ಬಾರಿ ಅವರ ಉಸಿರು ನಿಲ್ಲುವುದೋ ಕುಗ್ಗುವುದೋ ಆಗುತ್ತಿದೆಯೆಂದು ತಿಳಿದುಬಂತು. ವೈದ್ಯರು ಇದನ್ನು 'ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯ' ಎನ್ನುತ್ತಾರೆ. ತಡೆಯಿಂದುಂಟಾಗುವ ನಿದ್ರಾ ಉಸಿರುಗಟ್ಟುವಿಕೆ ಎನ್ನಬಹುದು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಕುಸಿದು ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡಾದರೂ ಉಸಿರು ನಿಂತರೆ ಅದೊಂದು ತಡೆಯೆಂದು ಲೆಕ್ಕ. ಇಂಥವು ಗಂಟೆಗೆ ಐದಕ್ಕೆ ಮುಟ್ಟಿದರೆ ದೋಷವುಂಟೆಂದೂ, ಹದಿನೈದಾದರೆ ಮಧ್ಯಮವೆಂದೂ, ಮೂವತ್ತಾದರೆ ತೀವ್ರವೆಂದೂ ಎಣಿಕೆ. ಇದು ಅಪರೂಪದ ಕಾಯಿಲೆಯಲ್ಲ. ಅಮೆರಿಕೆಯ ವಿಸ್ಕಾನ್ಸಿನ್ ಪ್ರಾಂತದಲ್ಲಿ ೩೦ರಿಂದ ೬೦ ವರ್ಷದೊಳಗಿನ ೬೦೨ ಮಂದಿ ಉದ್ಯೋಗಸ್ಥರನ್ನು ಪರೀಕ್ಷಿಸಿ ೧೯೯೩ರಲ್ಲಿ ಪ್ರಕಟಿಸಿದ ವರದಿಯಂತೆ, ಗಂಡಸರಲ್ಲಿ ಶೇಕಡಾ ೨೪ರಷ್ಟು, ಹೆಂಗಸರಲ್ಲಿ ಶೇಕಡಾ ೯ರಷ್ಟು ಜನ ಗಂಟೆಗೆ ಐದರ ಗೆರೆಯನ್ನು ಮುಟ್ಟಿದ್ದರು.

ವೈದ್ಯವಿಜ್ಞಾನದ ಕಣ್ಣಿಗೆ ಇದು ಬಿದ್ದ ಬಗೆಯೂ ಸ್ವಾರಸ್ಯವಾಗಿದೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಹೆಮ್ಮೆಯೆನಿಸುವ ಸಂಗತಿಯೆಂದರೆ, ಇಲ್ಲಿ ಕಾದಂಬರಿಕಾರನೇ ವೈದ್ಯನಿಗಿಂತ ಮುಂದಾಗಿದ್ದನು. ೧೮೩೬-೩೭ರಲ್ಲಿ ಕಂತುಗಳಾಗಿ ಬಂದ 'ಪಿಕ್‌ವಿಕ್ ಪೇಪರ್ಸ್' ಕೃತಿಯಲ್ಲಿ ಡಿಕನ್ಸ್ ಜೋ ಎಂಬ ಬೊಜ್ಜಿನ ಹುಡುಗನನ್ನು ಚಿತ್ರಿಸಿದ್ದಾನೆ. ಕೆಲಸದ ನಡುವೆ, ನಿಂತಲ್ಲೇ ಸಹ, ನಿದ್ದೆಹೋಗುವುದು ಅವನ ಸ್ವಭಾವ. ೧೯೫೬ರಲ್ಲಿ ಬರ್‌ವೆಲ್ ಎಂಬ ವೈದ್ಯನೂ ಅವನ ಸಂಗಡಿಗರೂ ಇಂಥದೇ ಒಬ್ಬ ರೋಗಿಯನ್ನು ವರ್ಣಿಸಿ, ಆ ರೋಗಕ್ಕೆ ಪಿಕ್‌ವಿಕ್ ಹೆಸರನ್ನೇ ಇಟ್ಟರು. ಆ ರೋಗಿ ಇಸ್ಪೀಟು ಆಡುತ್ತ ಕೂತಿದ್ದಾಗ ಕೈಗೆ ಮೂರು ಎಕ್ಕ ಎರಡು ರಾಜ ಬಂದವಂತೆ. ಗೆಲ್ಲುವ ಎಲೆಗಳನ್ನು ಹಿಡಿದುಕೊಂಡೇ ಆತ ನಿದ್ದೆಹೋದನಂತೆ! ಆದರೆ ಹಗಲಿನ ತೂಕಡಿಕೆಗೆ ಕಾರಣ ರಾತ್ರಿಯಲ್ಲಿದೆಯೆಂದು ಕಂಡದ್ದು ೧೯೬೫ರಲ್ಲಿ. ಫ್ರಾನ್ಸಿನಲ್ಲೂ ಜರ್ಮನಿಯಲ್ಲೂ ಎರಡು ತಂಡಗಳು ಬೇರೆಬೇರೆಯಾಗಿ, ಮಲಗಿದ ರೋಗಿಯ ಉಸಿರನ್ನು ದಾಖಲಿಸಿ ಅದು ಪದೇಪದೇ ನಿಲ್ಲುವುದನ್ನು ತೋರಿಸಿಕೊಟ್ಟವು.

ಗಂಟಲಿನಲ್ಲಿ ನಡೆಯುವ ಈ ಹೋರಾಟಕ್ಕೂ ನೆತ್ತರಿಗೂ ಏನು ಸಂಬಂಧ? ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಬಾತು ನೋಯುವುದನ್ನು ಎಲ್ಲರೂ ಬಲ್ಲೆವು. ಉರಿ, ಊತ ಎರಡೂ ಕೂಡಿದ ಈ ಸ್ಥಿತಿಗೆ ಕನ್ನಡದಲ್ಲಿ 'ಉರಿಯೂತ' ಎಂಬ ಅನ್ವರ್ಥವಾದ ಹೆಸರಿದೆ. ಇದು ದೇಹದ ರಕ್ಷಣಾಕ್ರಮ. ಆದರೆ ಕಣ್ಣಿಗೆ ಕಾಣದೆ, ನೋವನ್ನೂ ಕೊಡದೆ, ಬೂದಿ ಮುಚ್ಚಿದ ಕೆಂಡದಂತೆ ರಕ್ತನಾಳಗಳಲ್ಲಿ ವರ್ಷಗಟ್ಟಲೆ ಕನಲುವ ಉರಿಯೂತವೂ ಒಂದುಂಟು. ಹೃದಯದ ನಾಳಗಳು ಕಟ್ಟಿಕೊಳ್ಳುವುದರಲ್ಲಿ ಅದರ ಕೈವಾಡವಿದೆ. ಕೆಂಡ ಕಾಣದಿದ್ದರೂ ಅದರ ಹೊಗೆ ನೆತ್ತರಲ್ಲಿ ಸಿಕ್ಕುತ್ತದೆ. ಆ ಹೊಗೆಯ ಸುಪ್ರಸಿದ್ಧ ಗುರುತೇ 'ಸಿ-ರಿಯಾಕ್ಟಿವ್ ಪ್ರೋಟೀನ್'. ೧೯೩೦ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು, ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಆ ರೋಗಾಣುವಿನ 'ಸಿ' ಎಂಬ ಅಂಶದೊಡನೆ ಸೇರಿ ಗಸಿಗಟ್ಟುವ ವಸ್ತುವೊಂದನ್ನು ಕಂಡರು. ಅದರಿಂದಲೇ ಈ ಹೆಸರು. ಇದನ್ನು ತಯಾರಿಸುವುದು ಯಕೃತ್ತು. ತಯಾರಿಸೆಂದು ಅದಕ್ಕೆ ಅಪ್ಪಣೆ ಒಯ್ಯುವ ಮುಖ್ಯ ದೂತನ ಹೆಸರು ಇಂಟರ್‌ಲ್ಯೂಕಿನ್-೬.

ಉಸಿರು ಕಟ್ಟಿದಾಗ ರಕ್ತದ ಆಮ್ಲಜನಕ ಕುಸಿಯುತ್ತದೆ. ಮಿದುಳು ಗಾಬರಿಗೊಂಡು ಮೈಯನ್ನು ಅರೆ ಎಚ್ಚರಗೊಳಿಸಿದೊಡನೆ ಮತ್ತೆ ಏರುತ್ತದೆ. ಒಂದು ರಾತ್ರಿಗೆ ಇಂಥ ಏರಿಳಿತ ನೂರಾರು. ಎತ್ತರದ ಬೆಟ್ಟದ ಮೇಲೆ ಬಾಳುವವನಿಗೆ ಆಮ್ಲಜನಕ ಕಡಿಮೆಯಾದರೂ ಅದು ಒಂದೇ ಸಮನಾದ ಕೊರತೆ. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ. ಇಲ್ಲಿಯದಾದರೋ ಬರ ಮತ್ತು ನೆರೆ ಒಂದರ ಹಿಂದೊಂದು ಬಂದಂತೆ. ಡಬ್ಲಿನ್ ನಗರದ ಸಂಶೋಧಕರು ೨೦೦೫ರಲ್ಲಿ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಇದೇ ಬಗೆಯ ಏರಿಳಿತವನ್ನುಂಟುಮಾಡಿ ನೋಡಿದರು. ಹೊಂದಾಣಿಕೆಗೆ ನೆರವಾಗುವ ಸ್ವಿಚ್ಚಿಗಿಂತ, ಉರಿಯೂತದ ಸ್ವಿಚ್ಚೇ ಅವುಗಳಲ್ಲಿ ಮುಖ್ಯವಾಗಿ ಚಾಲೂ ಆಯಿತು.

ರೋಗಿಗಳ ನೆತ್ತರೂ ಇದಕ್ಕೆ ಹೊಂದುವ ಸಾಕ್ಷ್ಯವನ್ನೇ ನುಡಿದಂತೆ ತೋರಿತು. ಅವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-೬ ಮೊದಲಾದ ದೂತರು ಹೆಚ್ಚಾಗಿರುವರೆಂದು ೧೯೯೭ರಲ್ಲಿ ಅಮೆರಿಕೆಯಿಂದ ವರದಿ ಬಂತು. ೨೦೦೨ರಲ್ಲಿ ಮೇಯೊ ಕ್ಲಿನಿಕ್ಕಿನವರು, ವಯಸ್ಸು ಮತ್ತು ಮೈತೂಕದಲ್ಲಿ ಸಮನಾದ ಎರಡು ಗುಂಪುಗಳನ್ನು ಹೋಲಿಸಿ, ಉಸಿರುಗಟ್ಟುವವರಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ಹೆಚ್ಚೆಂದು ಕಂಡರು. ಮರುವರ್ಷ ಜಪಾನಿನ ವೈದ್ಯರು ಒಂದು ತಿಂಗಳು ಸಿ-ಪ್ಯಾಪ್ ಯಂತ್ರವನ್ನು ಹಾಕಿಸಿ ನೋಡಿದಾಗ ಅದು ಇಳಿಯಿತೆಂದರು. ಮೂಗಿನ ಮುಸುಕಿನ ಮೂಲಕ ಗಾಳಿಯನ್ನು ಮೆಲ್ಲನೆ ಒತ್ತಿ ಗಂಟಲಿನ ದಾರಿ ಮುಚ್ಚದಂತೆ ಹಿಡಿಯುವ ಈ ಯಂತ್ರವನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ ೧೯೮೧ರಲ್ಲಿ ಲೋಕಕ್ಕೆ ತಿಳಿಸಿದ್ದನು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ನಮ್ಮ ಭಾವನವರೂ ಹಾಗೆಯೇ ಎಣಿಸಿದ್ದರು. ಅವರ ರಕ್ತದಲ್ಲಿ ಈ ಪ್ರೋಟೀನು ಲೀಟರಿಗೆ ೫ ಮಿಲಿಗ್ರಾಂ ಇತ್ತು. ಹೃದಯದ ದೃಷ್ಟಿಯಿಂದ ಒಂದಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದೆಂದೂ ಮೂರು ಮೀರಿದರೆ ಅಪಾಯವೆಂದೂ ಹೇಳುತ್ತಾರೆ. ಯಂತ್ರವನ್ನು ತಂದು ಮೂರು ತಿಂಗಳು ನಿಷ್ಠೆಯಿಂದ ಹಾಕಿಕೊಂಡರು. ತೂಕಡಿಕೆ ಹೋಯಿತು. ಆಮೇಲೆ ತಾವಾಗಿಯೇ ಹೋಗಿ ರಕ್ತವನ್ನು ಪರೀಕ್ಷೆಗೆ ಕೊಟ್ಟರು. ಅಂಕಿ ಇದ್ದಲ್ಲೇ ಇತ್ತು! "ನೋಡಯ್ಯಾ ಮೇಷ್ಟ್ರೇ, ನೆತ್ತರು ಸುಳ್ಳು ಹೇಳುವುದಿಲ್ಲ. ಈ ಸೊಂಡಿಲು ಕಟ್ಟಿಕೊಂಡು ಮಲಗಿದ್ದೆಲ್ಲ ದಂಡ" ಎಂದು ಯಂತ್ರವನ್ನು ಬೀರುವಿನ ಮೇಲೇರಿಸಿದರು. ಅಕ್ಕ ಮತ್ತೆ ಎಣಿಸತೊಡಗಿದಳು.

ನೆತ್ತರು ಸುಳ್ಳು ಹೇಳದೆಂಬುದು ನಿಜ. ಆದರೆ ಸಾಕ್ಷಿಯನ್ನು ಕೇಳಬೇಕಾದ ಪ್ರಶ್ನೆಯನ್ನೇ ಕೇಳಬೇಕಷ್ಟೆ? ಹೊಗೆ ಕಂಡರೆ ಬೆಂಕಿಯುಂಟೆಂದು ತರ್ಕಶಾಸ್ತ್ರ ಹೇಳುತ್ತದೆ. ಬೆಂಕಿ ಯಾವ ಒಲೆಯದೆಂದು ಹೊಗೆ ಹೇಳಲಾರದು. ನೆಗಡಿ, ಒಸಡಿನ ಹುಣ್ಣು, ಸಂಧಿವಾತ, ಧೂಮಪಾನ, ಇವೆಲ್ಲ ಈ ಅಂಕಿಯನ್ನು ಏರಿಸಬಲ್ಲವು. ಹೊಟ್ಟೆಯ ಬೊಜ್ಜೂ ಏರಿಸಬಲ್ಲದು. ಅದು ಸುಮ್ಮನೆ ಹೊತ್ತು ತಿರುಗುವ ಗಂಟಲ್ಲ. ಇಂಟರ್‌ಲ್ಯೂಕಿನ್-೬ ಎಂಬ ದೂತನನ್ನು ಅದೂ ಯಕೃತ್ತಿಗೆ ಕಳುಹಿಸುತ್ತಲೇ ಇರುತ್ತದೆ. ಉಸಿರುಗಟ್ಟುವವರಲ್ಲಿ ಬಹುಮಂದಿ ಸ್ಥೂಲಕಾಯರಾದುದರಿಂದ ಎರಡು ಒಲೆಗಳ ಹೊಗೆ ಒಂದರಲ್ಲೊಂದು ಬೆರೆತುಹೋಗುತ್ತದೆ. ೨೦೦೭ರಲ್ಲಿ ಪ್ರಕಟವಾದ ವಿಸ್ಕಾನ್ಸಿನ್ನಿನ ಲೆಕ್ಕದಲ್ಲಿ, ಬೊಜ್ಜಿನ ಪಾಲನ್ನು ಕಳೆದಮೇಲೆ ಉಸಿರಿನ ತಡೆಗೂ ಈ ಪ್ರೋಟೀನಿಗೂ ನಂಟು ಉಳಿಯಲಿಲ್ಲ.

ಈ ಗೊಂದಲವನ್ನು ಬಿಡಿಸಲು ನಡೆದ ಒಂದು ಪ್ರಯೋಗ ೨೦೧೪ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾಯಿತು. ಬೊಜ್ಜೂ ಉಸಿರುಗಟ್ಟುವಿಕೆಯೂ ಎರಡೂ ಇದ್ದ ೧೮೧ ಮಂದಿಯನ್ನು ಮೂರು ಪಂಗಡ ಮಾಡಿದರು. ಒಂದಕ್ಕೆ ಯಂತ್ರ ಮಾತ್ರ, ಇನ್ನೊಂದಕ್ಕೆ ತೂಕ ಇಳಿಸುವ ಕ್ರಮ ಮಾತ್ರ, ಮೂರನೆಯದಕ್ಕೆ ಎರಡೂ. ೨೪ ವಾರಗಳ ಬಳಿಕ ನೋಡಿದರೆ, ತೂಕ ಇಳಿಸಿದ ಎರಡು ಪಂಗಡಗಳಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ತಗ್ಗಿತ್ತು. ಯಂತ್ರ ಮಾತ್ರ ಹಾಕಿದವರಲ್ಲಿ ತಗ್ಗಿರಲಿಲ್ಲ. ಹಾಗಾದರೆ ಯಂತ್ರ ನಿಷ್ಫಲವೇ? ಅಲ್ಲ. ಅದೇ ಪ್ರಯೋಗದಲ್ಲಿ, ಯಂತ್ರ ಮತ್ತು ಪಥ್ಯ ಎರಡನ್ನೂ ತಪ್ಪದೆ ಪಾಲಿಸಿದವರ ರಕ್ತದೊತ್ತಡ, ಒಂದನ್ನೇ ಪಾಲಿಸಿದವರದಕ್ಕಿಂತ ಹೆಚ್ಚಾಗಿ ಇಳಿದಿತ್ತು. ಯಂತ್ರದ ಮಿತಿಯನ್ನೂ ಮುಚ್ಚಿಡಬೇಕಾಗಿಲ್ಲ. ಹೃದಯದ ಅಥವಾ ಮಿದುಳಿನ ನಾಳಗಳ ರೋಗ ಮೊದಲೇ ಇದ್ದ ೨೭೧೭ ಮಂದಿಯ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಯಂತ್ರದಿಂದ ಹೃದಯಾಘಾತ ಲಕ್ವಗಳು ಕಡಿಮೆಯಾಗಲಿಲ್ಲ. ಆದರೆ ಅವರು ಅದನ್ನು ರಾತ್ರಿಗೆ ಸರಾಸರಿ ೩.೩ ಗಂಟೆ ಮಾತ್ರ ಹಾಕಿಕೊಂಡಿದ್ದರೆಂಬುದನ್ನೂ ಮರೆಯಬಾರದು. ಹಗಲಿನ ತೂಕಡಿಕೆಯಂತೂ ಅವರಲ್ಲಿಯೂ ಕಡಿಮೆಯಾಯಿತು. ತೂಕವನ್ನು ಇಳಿಸುವ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ ಬೊಜ್ಜುಳ್ಳ ಇಂಥ ರೋಗಿಗಳ ಚಿಕಿತ್ಸೆಗಾಗಿ ಅಮೆರಿಕ ೨೦೨೪ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಪರೀಕ್ಷೆಯಲ್ಲಿ ಉಸಿರಿನ ತಡೆಗಳೂ ಈ ಪ್ರೋಟೀನೂ ಜೊತೆಜೊತೆಯಾಗಿ ಇಳಿದಿದ್ದವು.

ಇಷ್ಟರಿಂದ ನಮ್ಮಂಥವರು ಗ್ರಹಿಸಬೇಕಾದುದು ಸರಳವಾಗಿದೆ. ರಕ್ತಪರೀಕ್ಷೆಯೊಂದರಿಂದ ಈ ರೋಗ ಉಂಟೆಂದಾಗಲಿ ಇಲ್ಲವೆಂದಾಗಲಿ ಹೇಳಬರುವುದಿಲ್ಲ. ಅದಕ್ಕೆ ನಿದ್ರೆಯನ್ನೇ ಪರೀಕ್ಷಿಸಬೇಕು. ಅಂಕಿ ಇಳಿಯಲಿಲ್ಲವೆಂದು ಯಂತ್ರವನ್ನು ಬಿಡುವುದು, ಒಂದು ಒಲೆಯನ್ನು ಆರಿಸಿದರೂ ಮನೆಯಲ್ಲಿ ಹೊಗೆ ಹೋಗಲಿಲ್ಲವೆಂದು ಆರಿಸಿದ ಒಲೆಯನ್ನು ಮತ್ತೆ ಹೊತ್ತಿಸಿದಂತೆ. ಆರಿಸಬೇಕಾದ ಇನ್ನೊಂದು ಒಲೆ ಉಳಿದಿದೆಯೆಂಬುದೇ ಆ ಅಂಕಿಯ ಅರ್ಥವಿರಬಹುದು.

ಈ ಮಾತನ್ನು ಭಾವನವರಿಗೆ ಹೇಳಿದೆ. ಅವರು ಒಡನೆ ಒಪ್ಪಲಿಲ್ಲ. ವೈದ್ಯರೂ ಇದನ್ನೇ ಹೇಳಿದಮೇಲೆ, "ಹಾಗಾದರೆ ನೆತ್ತರಿನ ದೂರೆಲ್ಲ ನನ್ನ ಹೊಟ್ಟೆಯ ಮೇಲೆಯೋ?" ಎಂದು ಕೊಂಚ ಹೊತ್ತು ಸುಮ್ಮನಿದ್ದರು. ಆಗ ಅಕ್ಕ ಒಂದೇ ಮಾತು ಆಡಿದಳು: "ನಿಮ್ಮ ನೆತ್ತರಿನ ವಿಷಯ ನನಗೆ ತಿಳಿಯದು. ಆ ಮೂರು ತಿಂಗಳು ನಾನು ನಿದ್ದೆ ಮಾಡಿದ್ದೆ." ಭಾವನವರು ಕುರ್ಚಿ ಹಾಕಿಕೊಂಡು ತಾವೇ ಯಂತ್ರವನ್ನು ಕೆಳಗಿಳಿಸಿದರು.

ಈಗ ಸಂಜೆಯ ನಡಿಗೆಯುಂಟು. ಊಟದಲ್ಲಿ ಎರಡನೆಯ ಸಲದ ಅನ್ನವಿಲ್ಲ. ತೂಕ ಇಳಿಯುತ್ತಿದೆ, ನಿಧಾನವಾಗಿ. ಹೋದ ತಿಂಗಳು ಅವರ ಮನೆಯಲ್ಲಿ ಒಂದು ರಾತ್ರಿ ತಂಗಿದ್ದೆ. ನಡುರಾತ್ರಿ ಎಚ್ಚರವಾದಾಗ ಅವರ ಕೋಣೆಯಿಂದ ಯಂತ್ರದ ಮೆಲುದನಿಯೊಂದೇ ಕೇಳಿಬರುತ್ತಿತ್ತು. ಕುಂಭಕರ್ಣನ ಕಥೆಯನ್ನು ಆ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ. ಅಕ್ಕ ಮಾತ್ರ ಅಭ್ಯಾಸಬಲದಿಂದ ರಾತ್ರಿ ಒಮ್ಮೆ ಏಳುತ್ತಾಳಂತೆ; ಕಿವಿಗೊಟ್ಟು ಕೇಳಿ, ಎಣಿಸದೆ ಮಲಗುತ್ತಾಳಂತೆ.